ಕೋವಿಪಾಲು, ನಾಯಿಪಾಲು

ಚುನಾವಣೆ ಘೋಷಣೆಯಾಯಿತೆಂದರೆ ಮಲೆನಾಡಿನ ನಮ್ಮಂಥ ಮನೆಗಳಿಗೆ ಒಂದು ಕೆಲಸ ಬೀಳುತ್ತದೆ. ಕೋವಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರಬೇಕು. ನಮ್ಮನೆಯದು ಬೆಳೆ ರಕ್ಷಣೆಗೆಂದು ಅಜ್ಜಯ್ಯನ ಕಾಲದಲ್ಲಿ ಲೈಸೆನ್ಸ್ ಪಡೆದ ಕೋವಿ. ಅಪ್ಪನ ಹೆಸರಿಗೆ ಬಂತು, ಆಮೇಲೆ ನನ್ನ ಹೆಸರಿಗೆ. ನನ್ನ ಕೈಯಲ್ಲಿ ಅದರಿಂದ ಒಂದು ಈಡೂ ಹಾರಿಲ್ಲ.

ಕಳೆದ ಸಲ ಠಾಣೆಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ತಮ್ಮನ ಮಗಳು ಜೊತೆಗಿದ್ದಳು. ಇತಿಹಾಸ ಓದುತ್ತಿರುವ ಹುಡುಗಿ. “ದೊಡ್ಡಪ್ಪ, ಮುತ್ತಜ್ಜ ಇದರಲ್ಲಿ ಎಷ್ಟು ಪ್ರಾಣಿ ಕೊಂದಿದ್ರು?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅಜ್ಜಯ್ಯನಿಗೂ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ಯಾವ ಹಂದಿಯ ಯಾವ ಪಾಲು ಯಾರ ಮನೆಗೆ ಹೋಯಿತೆಂಬುದು ಅವರಿಗೆ ಸಾಯುವವರೆಗೂ ನೆನಪಿತ್ತು. ಬೇಟೆಯಲ್ಲಿ ಹೀಗೆ ಎರಡು ಬಗೆಯ ಲೆಕ್ಕಗಳಿವೆ ಎಂದು ನನಗೆ ಹೊಳೆದದ್ದು ಅವಳ ಪ್ರಶ್ನೆಯಿಂದ.

ನಾನು ಕಂಡ ಕೊನೆಯ ದೊಡ್ಡ ಬೇಟೆ 1971ರದ್ದು. ನನಗಾಗ ಎಂಟು ವರ್ಷ. ಮಳೆ ಕಳೆದು ಗದ್ದೆ ಹಣ್ಣಾಗುವ ಹೊತ್ತಿಗೆ ಹಂದಿಗಳು ರಾತ್ರಿ ಇಳಿದು ಪೈರು ಮಲಗಿಸಿಬಿಡುತ್ತಿದ್ದವು. ಊರಿನ ಗಂಡಸರು ಸೇರಿ ಕಾಡು ಸೋವಲು ಹೊರಟರು. ಕೋವಿಯವರು ಕಂಡಿಗಳಲ್ಲಿ ಬಿಲ್ಲಿಗೆ ನಿಂತರು. ಉಳಿದವರು ನಾಯಿಗಳನ್ನು ಬಿಟ್ಟು ಕೂಗುತ್ತ ಹಳುವಿಗೆ ನುಗ್ಗಿದರು. ಕುವೆಂಪು ಅವರನ್ನು ಓದಿದವರಿಗೆ ಈ ಲೋಕ ಅಪರಿಚಿತವಲ್ಲ. ನನ್ನನ್ನು ಒಂದು ಮರದ ಕೆಳಗೆ ನಿಲ್ಲಿಸಿ ಅಜ್ಜಯ್ಯ ಹೇಳಿದ್ದು ಇಷ್ಟೇ: “ಹಂದಿ ಬಂದ್ರೆ ಮರ ಹತ್ತು. ಧೈರ್ಯ ಗಿರ್ಯ ತೋರಿಸ್ಬೇಡ.”

ಹಂದಿ ಬಿತ್ತು. ಬೀಳುವ ಮೊದಲು ನಮ್ಮ ರಾಜನ ಹೊಟ್ಟೆಯನ್ನು ಕೋರೆಯಿಂದ ಸೀಳಿತ್ತು. ಅಜ್ಜಯ್ಯ ಅಲ್ಲೇ ಕೂತು ನಾಯಿಯ ಕರುಳನ್ನು ಒಳಗೆ ತಳ್ಳಿ, ಗೋಣಿ ಹೊಲಿಯುವ ಸೂಜಿಯಿಂದ ಹೊಲಿದರು. ಆಮೇಲೆ ಪಾಲು ನಡೆಯಿತು. ಈಡು ಹೊಡೆದವನಿಗೆ ಹೆಚ್ಚಿನ ಪಾಲು, ಬಿಲ್ಲಿಗೆ ನಿಂತ ಪ್ರತಿ ಕೋವಿಗೆ ಕೋವಿಪಾಲು, ಹಳು ನುಗ್ಗಿದವರಿಗೆ ಆಳುಪಾಲು, ನಾಯಿಗಳಿಗೆ ನಾಯಿಪಾಲು. ಗಂಡಸರಿಲ್ಲದ ಮನೆಗೂ ಒಂದು ಗುಡ್ಡೆ ತೆಗೆದಿಡುತ್ತಿದ್ದರು. ರಾಜ ಮೂರನೆಯ ದಿನ ಸತ್ತಿತು. ಹಿತ್ತಿಲ ಹಲಸಿನ ಬುಡದಲ್ಲಿ ಮಣ್ಣು ಮಾಡಿದರು. ಒಲೆಯ ಮೇಲೆ ಒಣಗಲು ಕಟ್ಟಿದ್ದ ಅದರ ಪಾಲಿನ ಮಾಂಸವನ್ನು ಏನು ಮಾಡಲಿ ಎಂದು ಅಜ್ಜಿ ಕೇಳಿದಾಗ ಅಜ್ಜಯ್ಯ, “ತಿನ್ನೋಕೆ ನಾಯೇ ಇಲ್ವಲ್ಲ ಮಾರಾಯ್ತಿ” ಎಂದು ಎದ್ದುಹೋದರು. ಆ ಮಾಂಸವನ್ನು ನಾವ್ಯಾರೂ ತಿನ್ನಲಿಲ್ಲ.

ಇದಾಗಿ ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿನ ಮುಂದೆ ನಿಂತಾಗ ನನಗೆ ರಾಜ ನೆನಪಾಯಿತು. ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲಿನ ಕಾಲ ಸುಮಾರು ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದದ್ದು, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು ಅದರಲ್ಲಿದೆ. ಚರಿತ್ರೆಕಾರರಿಗೆ ಮುಖ್ಯವಾದ ಸಂಗತಿ ಅದು. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜರನ್ನಲ್ಲ. ಒಂದು ನಾಯಿ ಮತ್ತು ಒಂದು ಹಂದಿ ಸೆಣಸುತ್ತಿರುವ ಚಿತ್ರವನ್ನು.

ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂಬ ಮಾತೂ ಅಲ್ಲಿದೆ. ನಾಯಿಯ ಪಾಪ ಎಂದರೆ ಯಾವುದು? ಬೇಟೆಯಾಡಿದ ಪಾಪವೇ? ನನಗೆ ಹಾಗೇ ಅನ್ನಿಸುತ್ತದೆ. ನಾಯಿಗೆ ಕಲ್ಲು ನಿಲ್ಲಿಸುವಷ್ಟು ಬೇಟೆಯನ್ನು ಪ್ರೀತಿಸಿದ ಸಮಾಜವೇ ಅದರಲ್ಲಿ ಪಾಪವಿದೆಯೆಂದೂ ಬಲ್ಲದು. ಕಲ್ಲಿನ ಮೇಲೆ ಹಂದಿಗೂ ನಾಯಿಯಷ್ಟೇ ಜಾಗವಿದೆ.

ಕೊಡಗಿನ ‘ನರಿ ಮಂಗಲ’ ಇದಕ್ಕೆ ಹತ್ತಿರದ್ದು. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಅಲಂಕರಿಸಿ, ಸತ್ತ ಹುಲಿಯ ಬಳಿ ಕೂರಿಸುತ್ತಿದ್ದರು. ಊರವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಡುತ್ತಿದ್ದರು. ಮದುವೆಯ ಶಾಸ್ತ್ರವೇ ಅದು. ಕೊಂದದ್ದರ ಜೊತೆಗೆ ಸಂಬಂಧ ಬೆಳೆಸದೆ ಕೊಂದವನು ಸುಮ್ಮನೆ ಮನೆಗೆ ಹೋಗುವಂತಿರಲಿಲ್ಲ. ಇಂದಿಗೂ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಕಾಡಿನ ಬೇಟೆ ನಿಂತುಹೋಗಿದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಲೆಕ್ಕ ಬಂತು. ಹುಲಿ, ಚಿರತೆ ಕೊಂದವರಿಗೆ ಬ್ರಿಟಿಷ್ ಸರ್ಕಾರ ಇನಾಮು ಕೊಡುತ್ತಿತ್ತು. ಶಿಕಾರಿಗೆ ಬಂದ ಸಾಹೇಬರು, ಅವರ ಜೊತೆಗೆ ನಮ್ಮ ರಾಜರು, ಎಷ್ಟು ಹೊಡೆದೆ, ಎಷ್ಟು ಉದ್ದವಿತ್ತು ಎಂದು ಬರೆದಿಡತೊಡಗಿದರು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಈ ಲೆಕ್ಕದ ದೊಡ್ಡ ಕಡತ. ಸುಮಾರು 1900ರಿಂದ 1999ರವರೆಗೆ ನಡೆದ ಆ ಕಾರ್ಖಾನೆಯಲ್ಲಿ ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಒಳಗೆ ಅಚ್ಚು ಕೂರಿಸಿ, ಗಾಜಿನ ಕಣ್ಣಿಟ್ಟು ಜೀವಂತವಾಗಿರುವಂತೆ ನಿಲ್ಲಿಸುತ್ತಿದ್ದರು. ಅಲ್ಲಿ ಹಾದುಹೋದ ಹುಲಿ ಮತ್ತು ಚಿರತೆಗಳು 40,000ಕ್ಕೂ ಹೆಚ್ಚು ಎಂಬ ಅಂದಾಜಿದೆ. 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳು 1,827. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಹಾಗೆಂದು ಸಾಹೇಬರೆಲ್ಲ ಒಂದೇ ತೆರನಾಗಿರಲಿಲ್ಲ. ಚಾಮರಾಜನಗರದ ಸೀಮೆಯಲ್ಲಿದ್ದುಕೊಂಡು ಮೈಸೂರು ಸಂಸ್ಥಾನಕ್ಕೆ ಆನೆ ಹಿಡಿಯುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಖೆಡ್ಡಾ ನಡೆಸಿ ಗೆದ್ದವನು. 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಹುಲಿಯ ಪರ ವಕಾಲತ್ತು ವಹಿಸುತ್ತಾನೆ. ಹೊಲ ಹಾಳುಮಾಡುವ ಹಂದಿ, ಜಿಂಕೆಗಳನ್ನು ಹುಲಿ ತಿನ್ನುತ್ತದೆ, ಆದ್ದರಿಂದ ಅದು ರೈತನಿಗೆ ಬೇಕಾದ ಪ್ರಾಣಿ, ಅದನ್ನು ನಿರ್ನಾಮ ಮಾಡಬಾರದು ಎಂಬುದು ಅವನ ವಾದ. ಹುಲಿ ಹೊಡೆದವನೇ ಹೇಳಿದ ಮಾತಿದು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದ ಮೇಲೆ ಅದರ ಹತ್ತಿರ ಹೋದಾಗ ಕಂಡದ್ದು ರಾಕ್ಷಸನನ್ನಲ್ಲ, ವಯಸ್ಸಾದ ಒಂದು ಪ್ರಾಣಿಯನ್ನು. ಅದು ಮುರಿದದ್ದು ಮನುಷ್ಯರ ಕಾನೂನನ್ನೇ ಹೊರತು ಪ್ರಕೃತಿಯ ಕಾನೂನನ್ನಲ್ಲ ಎಂಬರ್ಥದಲ್ಲಿ ಅವನು ಬರೆದ. ಆ ಪುಸ್ತಕವನ್ನು ಕನ್ನಡಕ್ಕೆ ತಂದವರು ಪೂರ್ಣಚಂದ್ರ ತೇಜಸ್ವಿ. ಸ್ವತಃ ಕೋವಿ ಹಿಡಿದು ಕಾಡು ಸುತ್ತಿ, ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದವರು. ಗುರಿಯಿಡಲು ಬೇಕಾದ ತಾಳ್ಮೆಯೇ ನೋಡುವುದಕ್ಕೂ ಬೇಕಷ್ಟೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿಯೇ ಇರುತ್ತದೆ: ನಮ್ಮ ಹಳ್ಳಿಯ ಬೇಟೆ ಒಳ್ಳೆಯದು, ಸಾಹೇಬರ ಶಿಕಾರಿ ಕೆಟ್ಟದ್ದು. ಆದರೆ ಅದು ಪೂರ್ತಿ ನಿಜವಲ್ಲ. ಅಜ್ಜಯ್ಯ ಹಂದಿ ಗದ್ದೆಗೆ ಬಂತೆಂದು ಹೊಡೆದದ್ದು ನಿಜ. ಕಡವೆ, ಕಾಡುಕುರಿ, ಬರ್ಕಗಳು ಯಾವ ಗದ್ದೆ ಹಾಳುಮಾಡಿದ್ದವು? ಬೇಸಿಗೆಯ ರಾತ್ರಿ ನೀರಿನ ಗುಂಡಿಯ ಹತ್ತಿರ ಮರಸು ಕೂತು ಹೊಡೆದದ್ದನ್ನು ಬೆಳೆ ರಕ್ಷಣೆ ಎನ್ನಲಾದೀತೇ? ಅಜ್ಜಯ್ಯನ ಚಿಕ್ಕಂದಿನಲ್ಲಿ ಮನೆಯ ಹಿಂದೆಯೇ ಕಡವೆ ಕೂಗುತ್ತಿತ್ತಂತೆ. ನನ್ನ ಚಿಕ್ಕಂದಿನಲ್ಲಿ ಅದರ ಕೂಗು ಕೇಳಲು ಗುಡ್ಡ ಹತ್ತಬೇಕಿತ್ತು. ಕೋವಿಗೆ, ಆಳಿಗೆ, ನಾಯಿಗೆ, ದಿಕ್ಕಿಲ್ಲದ ಮನೆಗೆ ಹೀಗೆ ಎಲ್ಲರಿಗೂ ಪಾಲು ತೆಗೆದಿಟ್ಟವರು ಕಾಡಿಗೆಂದು ಒಂದು ಪಾಲು ಬಿಡಲಿಲ್ಲ. ಪ್ರಾಣಿಯ ಮೇಲೆ ಗೌರವವಿತ್ತು. ಆ ಗೌರವ ಪ್ರಾಣಿಯನ್ನು ಉಳಿಸಲಿಲ್ಲ.

ಉಳಿಸಿದ್ದು ಕಾನೂನು, ಅದೂ ನಿಧಾನವಾಗಿ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ನಿಬಂಧನೆ ತಂದಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1972ಕ್ಕೆ ಬೇಟೆ ಪೂರ್ತಿ ನಿಂತಿತೆಂದು ಅನೇಕರು ತಿಳಿದಿದ್ದಾರೆ. ಕೆಲವು ಪ್ರಾಣಿಗಳನ್ನು ಪರವಾನಗಿ ಪಡೆದು ಹೊಡೆಯಲು ಆ ಕಾಯ್ದೆಯಲ್ಲೂ ಅವಕಾಶವಿತ್ತು. ಅದು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಕಾನೂನು ಬಂದ ಮೇಲೆ ಅಜ್ಜಯ್ಯ ಸಿಟ್ಟಾಗಿದ್ದು ನಿಜ. ಆದರೆ ಕಾಡಿಗೆ ಹೋಗುವುದನ್ನು ಬಿಡಲಿಲ್ಲ. ಕೈಯಲ್ಲಿ ಕೋವಿಯ ಬದಲು ಕತ್ತಿ ಇರುತ್ತಿತ್ತು. ಹೆಜ್ಜೆ ನೋಡಿ ಹಂದಿಯ ವಯಸ್ಸು ಹೇಳುತ್ತಿದ್ದರು. ಹಾಗೆ ಹೇಳಬಲ್ಲವರು ನಮ್ಮೂರಿನಲ್ಲಿ ಈಗ ಒಬ್ಬರೂ ಇಲ್ಲ. ಕಾನೂನಿನಿಂದ ಕಡವೆ ಉಳಿಯಿತು, ಕಡವೆಯನ್ನು ಬಲ್ಲವರು ಹೋದರು. ಈ ನಷ್ಟವನ್ನೂ ಹೇಳದಿದ್ದರೆ ಲೆಕ್ಕ ತಪ್ಪಾಗುತ್ತದೆ.

ಹಂದಿಗಳು ಈಗಲೂ ಗದ್ದೆಗೆ ಬರುತ್ತವೆ. ಕಳೆದ ವರ್ಷ ಅರ್ಧ ಎಕರೆಯ ಪೈರನ್ನು ಮಲಗಿಸಿದವು. ಸ್ಯಾಂಡರ್ಸನ್ ಹೇಳಿದ ಹುಲಿ ನಮ್ಮ ಗುಡ್ಡದಲ್ಲಿಲ್ಲ. ಬೆಳಗ್ಗೆ ಆ ಗದ್ದೆಯ ಬದುವಿನ ಮೇಲೆ ನಿಂತಾಗ ನನಗೂ ಕೋವಿ ನೆನಪಾಗದೆ ಇರಲಿಲ್ಲ. ಸಿಟ್ಟು ಬಂದಿತ್ತು, ಈಗಲೂ ಇದೆ. ಇದು ಕಾಡಿಗೆ ಬಿಡಬೇಕಾಗಿದ್ದ ಪಾಲು ಎಂದು ಹೇಳಿಕೊಂಡರೆ ಸಮಾಧಾನವೇನೂ ಆಗುವುದಿಲ್ಲ. ಸಾಲ ತೀರಿಸುವವನಿಗೆ ಆಗುವುದೂ ಅಷ್ಟೇ ತಾನೆ.

ಫಲಿತಾಂಶ ಬಂದ ಮೇಲೆ ಠಾಣೆಗೆ ಹೋದೆ. ಕೋವಿ ವಾಪಸು ತರಲಿಲ್ಲ. ಲೈಸೆನ್ಸ್ ಬೇಡವೆಂದು ಬರೆದುಕೊಟ್ಟು ಬಂದೆ. ಅಜ್ಜಯ್ಯನಿಗೆ ದ್ರೋಹ ಮಾಡಿದೆನೇ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಮನೆಗೆ ಬಂದು ತಮ್ಮನ ಮಗಳಿಗೆ ಫೋನು ಮಾಡಿದೆ. “ಎಷ್ಟು ಕೊಂದರು ಅನ್ನೋದು ಗೊತ್ತಿಲ್ಲಮ್ಮ. ಯಾರ್ಯಾರಿಗೆ ಕೊಟ್ಟರು ಅನ್ನೋದು ಗೊತ್ತು. ಯಾರಿಗೆ ಕೊಡಲಿಲ್ಲ ಅನ್ನೋದೂ ಈಗ ಗೊತ್ತಾಯ್ತು” ಎಂದೆ. ಅವಳು ಬರೆದುಕೊಳ್ಳಲೇ ಎಂದು ಕೇಳಿದಳು. ರಾಜನ ಹೆಸರನ್ನೂ ಸೇರಿಸು ಎಂದೆ.