ಆಕಾಶದ ದುಡಿಮೆ, ನೆಲದ ಕರಾರು

2001ರ ಜುಲೈ 9ರಂದು ಹಾಂಕಾಂಗಿನ ಕ್ಯಾಥೆ ಪೆಸಿಫಿಕ್ ವಿಮಾನ ಕಂಪೆನಿ ತನ್ನ 49 ಪೈಲಟ್‌ಗಳನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದುಹಾಕಿತು. ಆರೋಪಪಟ್ಟಿ ಇರಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಕರಾರಿನ ಒಂದು ಕಲಮನ್ನು ಮುಂದಿಟ್ಟು, ಮೂರು ತಿಂಗಳ ನೋಟಿಸಿನ ಬದಲಿಗೆ ಮೂರು ತಿಂಗಳ ಸಂಬಳ ಕೊಟ್ಟು ಅವರನ್ನು ಮನೆಗೆ ಕಳುಹಿಸಲಾಯಿತು. ಅವರಲ್ಲಿ ಹೆಚ್ಚಿನವರು ಹೊರದೇಶಗಳಿಂದ ಬಂದು ನೆಲೆಸಿದ್ದವರು. ಕೆಲಸದೊಂದಿಗೆ ಮನೆ ಬಾಡಿಗೆ ಭತ್ಯೆಯೂ ಹೋಯಿತು, ಮಕ್ಕಳ ಶಾಲೆಯ ಶುಲ್ಕವೂ ಹೋಯಿತು.

ವಿಮಾನದ ಪೈಲಟ್ ಎಂದರೆ ಕೈತುಂಬ ಸಂಬಳ, ದೇಶ ದೇಶಗಳ ಸುತ್ತಾಟ, ಒಳ್ಳೆಯ ಹೋಟೆಲಿನ ವಾಸ ಎಂಬುದು ಸಾಮಾನ್ಯ ಭಾವನೆ. ಪರದೇಶದ ಕಂಪೆನಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಪೈಲಟ್ ಆದರೆ ಇನ್ನೂ ಹೆಚ್ಚು. ಈ ಭಾವನೆ ಸುಳ್ಳಲ್ಲ. ಆದರೆ ಆ ಸಂಬಳ ಬರೇ ವಿಮಾನ ಹಾರಿಸುವುದಕ್ಕೆ ಸಿಗುವ ಕೂಲಿಯಲ್ಲ. ತವರಿನಲ್ಲಿ ಅವನಿಗೆ ಇರಬಹುದಾಗಿದ್ದ ಸೇವಾ ಹಿರಿತನ, ಸಂಘದ ಬೆಂಬಲ, ಕಾನೂನಿನ ರಕ್ಷಣೆ ಇವುಗಳನ್ನು ಬಿಟ್ಟುಕೊಟ್ಟದ್ದಕ್ಕೆ ತೆತ್ತ ಬೆಲೆಯೂ ಅದರಲ್ಲಿ ಸೇರಿದೆ. ಹಾಂಕಾಂಗಿನ ಪೈಲಟ್‌ಗಳ ಕಥೆ ಈ ವ್ಯಾಪಾರ ಹೇಗೆ ಕುದುರುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಕ್ಯಾಥೆ ಪೆಸಿಫಿಕ್ ಹುಟ್ಟಿದ್ದೇ ಪರದೇಶಿ ಪೈಲಟ್‌ಗಳಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಶಿಖರಗಳನ್ನು ದಾಟಿ ಚೀನಾಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ಅಪಾಯಕಾರಿ ವಿಮಾನ ಮಾರ್ಗವೊಂದಿತ್ತು. ಆ ಮಾರ್ಗದಲ್ಲಿ ಹಾರಾಡಿ ಪಳಗಿದ್ದ ಅಮೆರಿಕದ ರಾಯ್ ಫ್ಯಾರೆಲ್ ಮತ್ತು ಆಸ್ಟ್ರೇಲಿಯದ ಸಿಡ್ನಿ ಡಿ ಕಾಂಟ್‌ಝೊ ಇಬ್ಬರೂ ಸೇರಿ 1946ರ ಸೆಪ್ಟೆಂಬರ್‌ನಲ್ಲಿ ಈ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧದಲ್ಲಿ ಬಳಕೆಯಾಗಿ ಉಳಿದಿದ್ದ ಡಿಸಿ-3 ವಿಮಾನವೇ ಅವರ ಮೊದಲ ಬಂಡವಾಳ. 1948ರಲ್ಲಿ ಕಂಪೆನಿಯ ಹಿಡಿತ ಬ್ರಿಟಿಷ್ ವ್ಯಾಪಾರಿ ಮನೆತನವಾದ ಸ್ವೈರ್ ಸಂಸ್ಥೆಯ ಕೈಗೆ ಬಂತು.

ಹಾಂಕಾಂಗ್ ಆಗ ಬ್ರಿಟಿಷ್ ವಸಾಹತು. ವಿಮಾನ ಹಾರಿಸಬಲ್ಲ ಸ್ಥಳೀಯರು ಇಲ್ಲವೆನ್ನುವಷ್ಟು ಕಡಮೆ. ಪೈಲಟ್‌ಗಳನ್ನು ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ ಕರೆತರಬೇಕಾಯಿತು. ಮನೆ ಬಿಟ್ಟು ದೂರದ ಊರಿಗೆ ಬರುವವನಿಗೆ ಬರೇ ಸಂಬಳ ಸಾಲದು. ಹೀಗಾಗಿ ವಸತಿ ಭತ್ಯೆ, ಮಕ್ಕಳ ಶಿಕ್ಷಣದ ವೆಚ್ಚ, ರಜೆಯಲ್ಲಿ ಊರಿಗೆ ಹೋಗಿ ಬರುವ ಪ್ರಯಾಣ ಎಲ್ಲವೂ ಕರಾರಿನ ಭಾಗವಾದವು. ಕಂಪೆನಿ ಸ್ಥಳೀಯ ಯುವಕರನ್ನು ಆರಿಸಿ ಪೈಲಟ್ ತರಬೇತಿ ಕೊಡತೊಡಗಿದ್ದು 1988ರಲ್ಲಿ. ಅಷ್ಟರ ತನಕ, ಅಂದರೆ ನಾಲ್ಕು ದಶಕಗಳ ಕಾಲ, ಈ ಏರ್ಪಾಟು ಹೆಚ್ಚುಕಮ್ಮಿ ಹಾಗೆಯೇ ನಡೆಯಿತು.

ಈ ವೃತ್ತಿಯ ಒಂದು ಗುಟ್ಟನ್ನು ಇಲ್ಲಿ ತಿಳಿದುಕೊಳ್ಳಬೇಕು. ಅದೇ ಹಿರಿತನದ ಪಟ್ಟಿ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸೀನಿಯಾರಿಟಿ ಲಿಸ್ಟ್ ಎಷ್ಟು ಮುಖ್ಯವೋ ದೊಡ್ಡ ವಿಮಾನ ಕಂಪೆನಿಗಳಲ್ಲಿಯೂ ಅಷ್ಟೇ ಮುಖ್ಯ. ಯಾರು ಯಾವಾಗ ಸಹಪೈಲಟ್ ಸ್ಥಾನದಿಂದ ಕ್ಯಾಪ್ಟನ್ ಆಗುತ್ತಾರೆ, ಯಾರಿಗೆ ದೊಡ್ಡ ವಿಮಾನ, ಯಾರಿಗೆ ಹಬ್ಬದ ದಿನ ರಜೆ ಎಂಬುದನ್ನೆಲ್ಲ ಬಹುಮಟ್ಟಿಗೆ ಆ ಪಟ್ಟಿಯೇ ತೀರ್ಮಾನಿಸುತ್ತದೆ. ಆದರೆ ಆ ಹಿರಿತನ ಕಂಪೆನಿಯ ಹೊಸ್ತಿಲು ದಾಟುವುದಿಲ್ಲ. ಇಪ್ಪತ್ತು ವರ್ಷ ದುಡಿದ ಕ್ಯಾಪ್ಟನ್ ಇನ್ನೊಂದು ಕಂಪೆನಿಗೆ ಸೇರಿದರೆ ಸಾಮಾನ್ಯವಾಗಿ ಅಲ್ಲಿನ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಒಬ್ಬ ವೈದ್ಯನೋ ಎಂಜಿನಿಯರನೋ ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡು ಹೊಸ ಊರಿಗೆ ಹೋಗಬಹುದು. ಪೈಲಟ್ ಹೋಗಬೇಕಾದರೆ ಎರಡೇ ದಾರಿ. ಒಂದು, ಕೆಳಗಿನಿಂದ ಮತ್ತೆ ಹತ್ತುವುದು. ಇನ್ನೊಂದು, ಅನುಭವಿ ಕ್ಯಾಪ್ಟನ್‌ಗಳ ಕೊರತೆಯಿರುವ ಪರದೇಶದ ಕಂಪೆನಿಯಲ್ಲಿ ಗುತ್ತಿಗೆ ಹಿಡಿಯುವುದು.

ಈ ಎರಡನೆಯ ದಾರಿ ಹಣದ ಆಸೆಯಿಂದಷ್ಟೇ ಹಿಡಿಯುವ ದಾರಿಯಲ್ಲ ಎಂಬುದಕ್ಕೆ ಆಸ್ಟ್ರೇಲಿಯದಲ್ಲಿ 1989ರಲ್ಲಿ ನಡೆದ ಘಟನೆ ಸಾಕ್ಷಿ. ಅಲ್ಲಿನ ಪೈಲಟ್‌ಗಳ ಒಕ್ಕೂಟ ಶೇ. 29.47ರಷ್ಟು ವೇತನ ಹೆಚ್ಚಳ ಕೇಳಿತು. ದೇಶದಲ್ಲಿ ವೇತನ ಏರಿಕೆಗೆ ಮಿತಿ ಹಾಕಿದ್ದ ಕಾಲವದು. ಆಗಸ್ಟ್‌ನಲ್ಲಿ ಪೈಲಟ್‌ಗಳು ಕಚೇರಿ ನೌಕರರಂತೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಮಾತ್ರ ಹಾರುತ್ತೇವೆ ಎಂದರು. ಕಂಪೆನಿಗಳು ನಷ್ಟ ಪರಿಹಾರದ ದಾವೆಗೆ ಮುಂದಾದಾಗ ಆಗಸ್ಟ್ 24ರಂದು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಸಾವಿರಾರು ಕಾರ್ಮಿಕರ ನಾಯಕನಾಗಿಯೇ ಮೇಲೆ ಬಂದಿದ್ದ ಪ್ರಧಾನಿ ಬಾಬ್ ಹಾಕ್ ಈ ಬಾರಿ ಕಂಪೆನಿಗಳ ಪಕ್ಷ ವಹಿಸಿದರು. ಪ್ರಯಾಣಿಕರನ್ನು ಸಾಗಿಸಲು ವಾಯುಪಡೆಯ ವಿಮಾನಗಳನ್ನು ಒದಗಿಸಿದರು. ಕಂಪೆನಿಗಳು ಹೊರದೇಶದ ಪೈಲಟ್‌ಗಳನ್ನು ಕರೆಸಿಕೊಂಡವು. ರಾಜೀನಾಮೆ ಕೊಟ್ಟವರಲ್ಲಿ ಅನೇಕರಿಗೆ ಮತ್ತೆ ತವರಿನಲ್ಲಿ ಕೆಲಸ ಸಿಗಲಿಲ್ಲ. ಅವರು ಏಷ್ಯ, ಯೂರೋಪ್, ಕೊಲ್ಲಿ ದೇಶಗಳ ಕಂಪೆನಿಗಳಲ್ಲಿ ಗುತ್ತಿಗೆ ಹಿಡಿದು ಚದುರಿಹೋದರು. ಒಂದೇ ಜಗಳದಲ್ಲಿ ಒಂದು ಗುಂಪಿನ ಪರದೇಶಿ ಪೈಲಟ್‌ಗಳು ಒಳಬಂದರು, ಇನ್ನೊಂದು ಗುಂಪು ಪರದೇಶಿಗಳಾಗಲು ಹೊರಹೋಯಿತು.

ಹೀಗೆ ಕೆಲಸಕ್ಕೆ ಹಾತೊರೆಯುವ ಅನುಭವಿಗಳು ಸಿಗತೊಡಗಿದಾಗ ಕರಾರಿನ ತಕ್ಕಡಿ ಕಂಪೆನಿಯ ಕಡೆಗೆ ವಾಲುವುದು ಸಹಜ. ಕ್ಯಾಥೆ ಪೆಸಿಫಿಕ್ 1993ರಲ್ಲಿ ಹೊಸದಾಗಿ ಸೇರುವ ಪೈಲಟ್‌ಗಳಿಗೆ ಕಡಮೆ ಸಂಬಳದ ಬೇರೆ ಶ್ರೇಣಿಯನ್ನು ಜಾರಿಗೆ ತಂದಿತು. ಹಳಬರದು 'ಎ' ಶ್ರೇಣಿ, ಹೊಸಬರದು 'ಬಿ' ಶ್ರೇಣಿ. ಅದೇ ವಿಮಾನ, ಅದೇ ಹಾರಾಟ, ಅದೇ ಜವಾಬ್ದಾರಿ, ಸಂಬಳ ಮಾತ್ರ ಎರಡು ಬಗೆ. 1999ರಲ್ಲಿ 'ಎ' ಶ್ರೇಣಿಯವರ ಸಂಬಳವನ್ನೂ ಇಳಿಸಲು ಹೊರಟಾಗ ಪೈಲಟ್‌ಗಳು ಒಬ್ಬೊಬ್ಬರಾಗಿ ಅನಾರೋಗ್ಯದ ರಜೆ ಹಾಕಿದರು. ಕೊನೆಗೆ ಕಂಪೆನಿಯ ಷೇರು ಕೊಳ್ಳುವ ಹಕ್ಕಿನ ಬದಲಿಗೆ ಕಡಿತಕ್ಕೆ ಒಪ್ಪಂದವಾಯಿತು.

ಖರ್ಚು ಇಳಿಸುವ ಇನ್ನೊಂದು ಉಪಾಯ, ಪೈಲಟ್‌ಗಳನ್ನು ಅವರವರ ದೇಶದಲ್ಲೇ ಇರಿಸುವುದು. ಲಂಡನ್ನಿನ ಪೈಲಟ್ ಲಂಡನ್ನಿನಲ್ಲೇ ಮನೆ ಮಾಡಿಕೊಂಡು ಅಲ್ಲಿಂದಲೇ ಹಾರಾಟ ಆರಂಭಿಸಬೇಕು. ಕಂಪೆನಿಗೆ ಹಾಂಕಾಂಗಿನ ದುಬಾರಿ ಬಾಡಿಗೆಯ ಹೊರೆ ತಪ್ಪುತ್ತದೆ. ಪೈಲಟ್‌ಗೆ ಹೆಂಡತಿ ಮಕ್ಕಳ ಜೊತೆ ತವರಿನಲ್ಲಿರುವ ಅನುಕೂಲ. ವೃತ್ತಿಯ ಭಾಷೆಯಲ್ಲಿ ಇಂಥ ತವರು ನಿಲ್ದಾಣಕ್ಕೆ 'ಬೇಸ್' ಎಂದು ಹೆಸರು. ಆದರೆ ಇವರ ಕರಾರು ಇದ್ದದ್ದು ವೇಟಾ ಎಂಬ ಅಂಗಸಂಸ್ಥೆಯೊಂದಿಗೆ. ಅದು ಹಾಂಕಾಂಗಿನಲ್ಲಿ ನೋಂದಾಯಿತವಾದದ್ದು.

2001ರ ಬೇಸಗೆಯಲ್ಲಿ ಸಂಬಳ ಮತ್ತು ಕೆಲಸದ ಪಾಳಿಪಟ್ಟಿಯ ಬಗ್ಗೆ ಮಾತುಕತೆ ಮುರಿದುಬಿತ್ತು. ಪೈಲಟ್‌ಗಳ ಸಂಘ ಮುಷ್ಕರ ಹೂಡಲಿಲ್ಲ. ಜುಲೈ 3ರಿಂದ ಕರಾರಿನಲ್ಲಿ ಬರೆದಿರುವಷ್ಟನ್ನೇ ಮಾಡುತ್ತೇವೆ, ಅದಕ್ಕಿಂತ ಒಂದು ಗುಂಜಿಯೂ ಹೆಚ್ಚಲ್ಲ ಎಂದು ಸಾರಿತು. ರಜೆಯ ದಿನ ಕಂಪೆನಿಯಿಂದ ಕರೆ ಬಂದರೆ ಎತ್ತುವುದಿಲ್ಲ ಎಂಬ ಬಗೆಯ ಅಸಹಕಾರ ಅದು. ಆರೇ ದಿನಗಳಲ್ಲಿ ಕಂಪೆನಿಯ ಉತ್ತರ ಬಂತು. ಎಲ್ಲ ಪೈಲಟ್‌ಗಳ ಸೇವಾ ದಾಖಲೆ ಪರಿಶೀಲಿಸಿ 49 ಮಂದಿಯನ್ನು ಆರಿಸಿ ತೆಗೆಯಲಾಯಿತು. ಅವರಿಗೆ ವೃತ್ತಿಗೆ ತಕ್ಕ ಮನೋಭಾವವಿಲ್ಲ ಎಂಬ ಅರ್ಥದ ಹೇಳಿಕೆಗಳೂ ಹೊರಬಿದ್ದವು. ಅನುಭವಿ ಪೈಲಟ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಸಂಬಳ ಹೋದರೆ ಒಂದು ಕೆಲಸ ಹೋಯಿತು. ಹೆಸರು ಹೋದರೆ ಮುಂದಿನ ಕೆಲಸವೂ ಹೋಯಿತು.

ನ್ಯಾಯ ಕೇಳಲು ಹೊರಟಾಗ ಮೊದಲ ಪ್ರಶ್ನೆಯೇ ಎದುರಾಯಿತು. ಯಾವ ದೇಶದ ನ್ಯಾಯಾಲಯ? ಪುರಾಣದ ತ್ರಿಶಂಕುವಿಗೆ ಸ್ವರ್ಗದಲ್ಲೂ ಜಾಗವಿಲ್ಲ, ಭೂಮಿಯಲ್ಲೂ ನೆಲೆಯಿಲ್ಲ. ಇಂಗ್ಲೆಂಡಿನ ಪ್ರಜೆ, ಹಾಂಕಾಂಗಿನ ಕಂಪೆನಿ, ಕೆಲಸ ಮಾಡುವುದು ಹತ್ತಾರು ದೇಶಗಳ ಮೇಲಿನ ಆಕಾಶದಲ್ಲಿ. ಇಂಥವನು ಎಲ್ಲಿ ಕೆಲಸ ಮಾಡುತ್ತಾನೆ ಎಂದು ಹೇಳುವುದು? ಇಂಗ್ಲೆಂಡಿನ ಖ್ಯಾತ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ 1978ರಲ್ಲಿಯೇ ಮತ್ತೊಂದು ಕಂಪೆನಿಯ ಪೈಲಟ್‌ನ ಮೊಕದ್ದಮೆಯಲ್ಲಿ ಇದಕ್ಕೊಂದು ದಾರಿ ತೋರಿಸಿದ್ದರು. ಎಷ್ಟೇ ಸುತ್ತಾಡಿದರೂ ನೌಕರನ ಬೇಸ್ ಯಾವುದೋ ಅದೇ ಅವನ ಕೆಲಸದ ಸ್ಥಳ ಎಂಬುದು ಅವರ ಅಭಿಪ್ರಾಯ. ವೇಟಾ ಸಂಸ್ಥೆಯ ಕರಾರಿನ ಮೇಲೆ ಲಂಡನ್ನಿನ ಹೀತ್ರೂ ನಿಲ್ದಾಣವನ್ನು ಬೇಸ್ ಆಗಿ ಹೊಂದಿದ್ದ ಪೈಲಟ್‌ಗಳ ದೂರು ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 2006ರ ಜನವರಿಯಲ್ಲಿ ಲಾರ್ಡ್ ಹಾಫ್‌ಮನ್ ಬರೆದ ತೀರ್ಪು ಡೆನ್ನಿಂಗ್ ತೋರಿದ ದಾರಿಯನ್ನೇ ಹಿಡಿಯಿತು. ಕಂಪೆನಿ ಹಾಂಕಾಂಗಿನದಾದರೂ ಲಂಡನ್ನಿನಲ್ಲಿ ನೆಲೆಸಿ ಅಲ್ಲಿಂದ ಹಾರುವವನಿಗೆ ಬ್ರಿಟಿಷ್ ಕಾನೂನಿನ ಬಾಗಿಲು ತೆರೆದಿದೆ ಎಂದು ಹೇಳಿತು. ತ್ರಿಶಂಕುವಿಗೆ ಕಾಲೂರಲು ಒಂದು ನೆಲ ಸಿಕ್ಕಿತು.

ಹಾಂಕಾಂಗಿನಲ್ಲಿದ್ದವರ ಹಾದಿ ಇನ್ನೂ ಉದ್ದವಾಯಿತು. ವರ್ಷಗಳು ಉರುಳಿದಂತೆ ಕೆಲವರು ಪರಿಹಾರಕ್ಕೆ ಒಪ್ಪಿ ಹಿಂದೆ ಸರಿದರು. ಕೊನೆಯವರೆಗೆ ನಿಂತವರು 18 ಮಂದಿ. 2009ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟು, ಮಾನಹಾನಿಗಾಗಿ ತಲಾ 33 ಲಕ್ಷ ಹಾಂಕಾಂಗ್ ಡಾಲರ್ ಕೊಡಬೇಕೆಂದಿತು. ಮೇಲ್ಮನವಿಯಲ್ಲಿ ಅದು 7 ಲಕ್ಷಕ್ಕೆ ಇಳಿಯಿತು. 2012ರ ಸೆಪ್ಟೆಂಬರ್‌ನಲ್ಲಿ ಅಂತಿಮ ಮೇಲ್ಮನವಿ ನ್ಯಾಯಾಲಯ, ಸಂಘದ ಚಟುವಟಿಕೆಯಲ್ಲಿ ತೊಡಗಿದ್ದಕ್ಕಾಗಿಯೇ ಅವರನ್ನು ತೆಗೆಯಲಾಗಿತ್ತು ಎಂಬುದನ್ನು ಎತ್ತಿಹಿಡಿಯಿತು. ಆ ತಪ್ಪಿಗೆ ಕಾನೂನು ಕೊಡುತ್ತಿದ್ದ ಪರಿಹಾರ ಒಬ್ಬೊಬ್ಬರಿಗೆ ಒಂದೂವರೆ ಲಕ್ಷ ಹಾಂಕಾಂಗ್ ಡಾಲರ್ ಮಾತ್ರ. ಹನ್ನೊಂದು ವರ್ಷಗಳ ಹೋರಾಟದಲ್ಲಿ ಅವರು ಹೆಸರನ್ನು ಮರಳಿ ಪಡೆದರು, ಕೆಲಸವನ್ನಲ್ಲ.

ಪರದೇಶಿ ಪೈಲಟ್‌ಗಳ ಈ ಲೆಕ್ಕಾಚಾರ ಭಾರತಕ್ಕೂ ಬಂತು. 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ ಹಾರಾಟ ಆರಂಭಿಸಿದ ಮೇಲೆ ಅಗ್ಗದ ವಿಮಾನ ಯಾನ ಹಬ್ಬಿತು. ವಿಮಾನಗಳನ್ನು ಸಾಲ ಮಾಡಿ ತರಬಹುದು, ಕ್ಯಾಪ್ಟನ್‌ಗಳನ್ನು ಹಾಗೆ ತರಲಾಗದು. ಸಾವಿರಾರು ಗಂಟೆ ಹಾರಿದ ಅನುಭವ ಬೇಕು. ಆದ್ದರಿಂದ ನಮ್ಮ ಕಂಪೆನಿಗಳು ತಾತ್ಕಾಲಿಕ ಪರವಾನಗಿಯ ಮೇಲೆ ವಿದೇಶಿ ಕ್ಯಾಪ್ಟನ್‌ಗಳನ್ನು ಕರೆತಂದವು. ಅವರಿಗೆ ಭಾರತೀಯ ಕ್ಯಾಪ್ಟನ್‌ಗಳಿಗಿಂತ ಹೆಚ್ಚಿನ ಸಂಬಳ, ವಸತಿ, ಊರಿಗೆ ಹೋಗಿಬರಲು ರಜೆ. ಪಕ್ಕದ ಆಸನದಲ್ಲಿ ಕೂತ ಭಾರತೀಯರಿಗೆ ಇದು ಸಹ್ಯವಾಗಲಿಲ್ಲ. ವಿದೇಶಿಯರನ್ನು ಕಳುಹಿಸಲು ಸರ್ಕಾರ ಗೊತ್ತುಪಡಿಸಿದ ಗಡುವು ಮಾತ್ರ ಮತ್ತೆ ಮತ್ತೆ ಮುಂದೆ ಹೋಯಿತು.

ಇತ್ತ ಭಾರತೀಯ ಪೈಲಟ್‌ಗಳು ಕೊಲ್ಲಿ ದೇಶಗಳ ಕಂಪೆನಿಗಳತ್ತ ಹೊರಟಿದ್ದರು. ಅವರನ್ನು ತಡೆಯಲು ವಿಮಾನಯಾನ ನಿರ್ದೇಶನಾಲಯ 2005ರಲ್ಲಿ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. 2017ರಲ್ಲಿ ಕ್ಯಾಪ್ಟನ್‌ಗಳಿಗೆ ಅದನ್ನು ಒಂದು ವರ್ಷಕ್ಕೆ ಏರಿಸಿತು. ಬಿಟ್ಟುಹೋಗುವವನಿಗೆ ಕಾಲುಕೋಳ ಬಿತ್ತು. ಆದರೆ ಕಂಪೆನಿಯೇ ಕೈಕೊಟ್ಟರೆ? ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ನೌಕರರಿಗೆ ತಿಂಗಳುಗಳ ಸಂಬಳ ಬಾಕಿಯಿತ್ತು.

ಅದೇ ದಶಕದಲ್ಲಿ ಪರದೇಶಿ ಪೈಲಟ್‌ಗಳ ಹೊಸ ಸ್ವರ್ಗವಾದದ್ದು ಚೀನಾ. ಅಲ್ಲಿನ ಕಂಪೆನಿಗಳು ಏಜೆನ್ಸಿಗಳ ಮೂಲಕ ಅನುಭವಿ ಕ್ಯಾಪ್ಟನ್‌ಗಳಿಗೆ ವರ್ಷಕ್ಕೆ 3 ಲಕ್ಷ ಅಮೆರಿಕನ್ ಡಾಲರ್ ತನಕ, ಅದೂ ತೆರಿಗೆಯನ್ನು ತಾವೇ ಕಟ್ಟಿ, ಕೊಡಲು ಮುಂದಾದವು. 2020ರ ಆರಂಭದಲ್ಲಿ ಕೊರೊನಾ ಹರಡಿದಾಗ ಮೊದಲು ಸಂಬಳವಿಲ್ಲದ ರಜೆಗೆ ಹೋದವರಲ್ಲಿ ಈ ವಿದೇಶಿಯರೂ ಇದ್ದರು. ದೊಡ್ಡ ಸಂಬಳದವನನ್ನು ಕೈಬಿಡುವುದು ಕಂಪೆನಿಗೆ ದೊಡ್ಡ ಉಳಿತಾಯ.

ಹಾಂಕಾಂಗಿನಲ್ಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಥೆ ಪೆಸಿಫಿಕ್ ತನ್ನ ಸೋದರ ಸಂಸ್ಥೆ ಕ್ಯಾಥೆ ಡ್ರ್ಯಾಗನ್ ಅನ್ನು ಮುಚ್ಚಿತು, ಸಾವಿರಾರು ಹುದ್ದೆಗಳನ್ನು ರದ್ದುಪಡಿಸಿತು. ಉಳಿದ ಪೈಲಟ್‌ಗಳ ಮುಂದೆ ಹೊಸ ಕರಾರು ಇಟ್ಟಿತು. ಸಂಬಳ ಕಾಯಂ ಆಗಿ ಕಡಿತ. ಹಾರಿದ ಗಂಟೆಗಳಿಗೆ ತಕ್ಕಂತೆ ಆದಾಯ. ಸಹಿ ಹಾಕಲು ಕೆಲವೇ ದಿನಗಳ ಅವಧಿ. ಬಹುತೇಕ ಎಲ್ಲರೂ ಸಹಿ ಹಾಕಿದರು. ಜಗತ್ತಿನ ವಿಮಾನಗಳೆಲ್ಲ ನೆಲಕ್ಕಿಳಿದಿದ್ದಾಗ ಬೇರೆ ಎಲ್ಲಿಗೆ ಹೋಗುವುದು? ಹೊರದೇಶಗಳಲ್ಲಿದ್ದ ಬೇಸ್‌ಗಳನ್ನೂ ಮರುವರ್ಷ ಒಂದೊಂದಾಗಿ ಮುಚ್ಚಲಾಯಿತು. 2021ರ ಫೆಬ್ರುವರಿಯಿಂದ ಹೊರದೇಶಕ್ಕೆ ಹೋಗಿ ತಂಗಿ ಬಂದ ಸಿಬ್ಬಂದಿ ಹದಿನಾಲ್ಕು ದಿನ ಹೋಟೆಲಿನ ಕೋಣೆಯಲ್ಲಿ ಒಂಟಿಯಾಗಿರಬೇಕೆಂಬ ನಿಯಮವೂ ಸೇರಿತು. ಹಲವರು ಬಿಟ್ಟುಹೋದರು. ಪ್ರಯಾಣಿಕರು ಮರಳಿ ಬಂದಾಗ ಹಾರಿಸುವವರು ಸಾಲದೆ, 2024ರ ಜನವರಿಯಲ್ಲಿ ಕಂಪೆನಿ ದಿನಕ್ಕೆ ಸುಮಾರು ಹನ್ನೆರಡು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಮೂರು ವರ್ಷ ಹಿಂದೆ ಹೆಚ್ಚಾದವರೆಂದು ಕಂಡವರು ಈಗ ಕಡಮೆ ಬಿದ್ದಿದ್ದರು.

ಇದು ಪೈಲಟ್‌ಗಳ ಮನೆಯ ಕಥೆ ಮಾತ್ರವಲ್ಲ. ಮಳೆಗಾಲದ ರಾತ್ರಿ ದಣಿದ ಪೈಲಟ್ 'ಇವತ್ತು ನಾನು ಹಾರಲಾರೆ' ಎನ್ನಬೇಕಾದರೆ, ಹಾಗೆಂದ ಮಾತ್ರಕ್ಕೆ ನಾಳೆ ಕೆಲಸ ಹೋಗದು ಎಂಬ ಧೈರ್ಯ ಅವನಿಗಿರಬೇಕು. ಆ ಧೈರ್ಯವನ್ನು ಕೊಡುವುದು ಸಂಘ, ಕಾನೂನು, ನ್ಯಾಯವಾದ ವಿಚಾರಣೆಯ ಭರವಸೆ. ದೊಡ್ಡ ಸಂಬಳ ಅದನ್ನು ಕೊಡುವುದಿಲ್ಲ. ಕಳೆದುಕೊಳ್ಳುವ ಭಯವನ್ನು ಹೆಚ್ಚಿಸಿ ಕೆಲವೊಮ್ಮೆ ಅದನ್ನು ಕಸಿದುಕೊಳ್ಳುತ್ತದೆ. ಪರದೇಶದ ಕರಾರನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲ ಪುಟದ ಮೊತ್ತವನ್ನು ಓದುತ್ತಾರೆ. ಹಾಂಕಾಂಗಿನ 49 ಮಂದಿಯ ಬದುಕನ್ನು ಬದಲಿಸಿದ್ದು ಮಾತ್ರ ಮೂರು ತಿಂಗಳ ನೋಟಿಸಿನ ಆ ಸಣ್ಣ ಕಲಮು.