ಕೊನೆಯ ಸಾಲಿನ ಕಿವಿ

ತಿರುಮಕೂಡಲು ಚೌಡಯ್ಯನವರು 1927ರಲ್ಲಿ ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕಟ್ಟಿದ ಸಂಗತಿಯನ್ನು ನಾವು ಪ್ರತಿಭೆಯ ವಿಲಾಸವೆಂದೋ, ಒಂದಿಷ್ಟು ಹಠವೆಂದೋ ಹೇಳಿಕೊಂಡು ಬಂದಿದ್ದೇವೆ. ಕಾರಣ ಮಾತ್ರ ತೀರ ಲೌಕಿಕವಾದದ್ದು. ಕಚೇರಿಗಳು ಅರಮನೆಯಿಂದ, ಸಾಹುಕಾರರ ಹಜಾರಗಳಿಂದ ಹೊರಬಂದು ರಾಮೋತ್ಸವದ ಚಪ್ಪರಗಳನ್ನೂ ಸಂಗೀತ ಸಭೆಗಳ ದೊಡ್ಡ ಹಾಲುಗಳನ್ನೂ ಸೇರಿದ್ದ ಕಾಲ ಅದು. ವೇದಿಕೆಯ ಮೇಲೆ ಮೈಕು ಇರಲಿಲ್ಲ. ಗಾಯಕನ ಶಾರೀರ ಹೇಗೋ ಹಿಂದಿನವರೆಗೆ ಮುಟ್ಟುತ್ತಿತ್ತು. ಪಕ್ಕವಾದ್ಯದ ಪಿಟೀಲು ಮುಟ್ಟುತ್ತಿರಲಿಲ್ಲ. ಕೊನೆಯ ಸಾಲಿನವನಿಗೂ ಕೇಳಿಸಬೇಕೆಂದು ಚೌಡಯ್ಯನವರು ವಾದ್ಯವನ್ನೇ ಬದಲಾಯಿಸಿದರು. ಇವತ್ತು ಅವರ ತಿರುಮಕೂಡಲು ಇರುವ ಟಿ. ನರಸೀಪುರದಲ್ಲೋ ಪಕ್ಕದ ನಂಜನಗೂಡಿನಲ್ಲೋ ಮನೆಯ ಕೋಣೆಯಲ್ಲಿ ಮೈಕು ನಿಲ್ಲಿಸಿ ಹಾಡು ಮುದ್ರಿಸಿಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ಮೈಕು ಬಾಯಿಂದ ಎಷ್ಟು ದೂರ ಇರಬೇಕು ಎಂಬುದು. ಇದು ಚೌಡಯ್ಯನವರ ಪ್ರಶ್ನೆಯೇ, ಎದುರು ದಿಕ್ಕಿನಿಂದ ಬಂದಿದೆ ಅಷ್ಟೆ. ಈ ಎರಡು ತಾಲ್ಲೂಕುಗಳ ಸಂಗೀತದ ಇತಿಹಾಸವನ್ನು ನೋಡಿದರೆ ಅದಕ್ಕೊಂದು ಉತ್ತರವೂ ಸಿಗುತ್ತದೆ ಎಂಬುದು ನನ್ನ ವಾದ: ಇಲ್ಲಿಯ ಸಂಗೀತ ದೂರದ ಕಿವಿಗಾಗಿ ರೂಪುಗೊಂಡದ್ದು, ಆದ್ದರಿಂದ ಮೈಕನ್ನು ಕೋಣೆ ಒಪ್ಪುವಷ್ಟು ಹಿಂದಕ್ಕೆ ಸರಿಸಬೇಕು, ಕೋಣೆ ಒಪ್ಪದಿದ್ದರೆ ಮೊದಲು ಕೋಣೆಯನ್ನು ತಿದ್ದಬೇಕು.

ಬಯಲಿನಲ್ಲಿ ದೂರ ಎರಡರಷ್ಟಾದರೆ ನಾದದ ತೀವ್ರತೆ ಕಾಲು ಪಾಲಿಗೆ, ಅಂದರೆ 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಒಂದು ಮಾರು ದೂರದಲ್ಲಿ ಕೂತವನಿಗೆ ಸಿಕ್ಕಿದ್ದರಲ್ಲಿ ಎಂಟು ಮಾರು ಆಚೆಯವನಿಗೆ ಸಿಗುವುದು 64ರಲ್ಲಿ ಒಂದು ಪಾಲು. ಸೂತ್ರ ಗೊತ್ತಿಲ್ಲದ ಕಾಲದಲ್ಲೂ ಕಲಾವಿದರಿಗೆ ಈ ನಷ್ಟ ಗೊತ್ತಿತ್ತು, ಅದಕ್ಕೆ ತಕ್ಕ ಏರ್ಪಾಡುಗಳೂ ಇದ್ದವು. ಕಚೇರಿಯಲ್ಲಿ ಮೃದಂಗದವರು ಗಾಯಕನ ಬಲಕ್ಕೆ ಕೂರುವುದರಿಂದ ವಾದ್ಯದ ಬಲಮುಖ ಸಭೆಯ ಕಡೆಗೆ ತಿರುಗುತ್ತದೆ. ಎಡಕ್ಕೆ ಕೂತರೆ ಗೋಡೆಯ ಕಡೆಗೆ ನುಡಿಸಿದಂತಾಗುತ್ತದೆ. ದೇವಸ್ಥಾನಕ್ಕೆ ನಾಗಸ್ವರ, ಡೋಲು, ಮನೆಯೊಳಗೆ ವೀಣೆ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿ ಉದ್ದ 385 ಅಡಿ, ಅಗಲ 160 ಅಡಿ, ಒಳಗೆ 147 ಕಂಬ. ಕಲ್ಲು ನಾದವನ್ನು ಹೀರುವುದು ತೀರ ಕಡಿಮೆ. ಹುಟ್ಟಿದ ಸ್ವರ ಕಂಬದಿಂದ ಕಂಬಕ್ಕೆ ಹಾಯುತ್ತ ಬಹಳ ಹೊತ್ತು ಉಳಿಯುತ್ತದೆ. ಅಂಥಲ್ಲಿ ವೀಣೆಯ ಗಮಕ ಕಲಸಿಹೋಗುತ್ತದೆ, ನಾಗಸ್ವರದ ದೀರ್ಘ ಸ್ವರ ಅರಳುತ್ತದೆ. ವಾದ್ಯ, ಜಾಗ, ದೂರ ಈ ಮೂರನ್ನೂ ಒಟ್ಟಿಗೇ ಆರಿಸಿಕೊಳ್ಳುತ್ತಿದ್ದರು, ಆರಿಸಿಕೊಳ್ಳುವವನು ಕಲಾವಿದನೇ ಆಗಿರುತ್ತಿದ್ದ.

ಆ ಆಯ್ಕೆ ಅವನ ಕೈತಪ್ಪಿದ್ದು ಗ್ರಾಮಫೋನು ಬಂದಾಗ. ಭಾರತದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ದಕ್ಷಿಣಕ್ಕೆ ಬಂದ ಆ ಯಂತ್ರದ ಮುಂದೆ ಮೊದಮೊದಲು ಹಾಡಿದವರಲ್ಲಿ ನಂಜನಗೂಡಿನವರೊಬ್ಬರು ಇದ್ದರು. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೆಂದು, ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಮತ್ತೆ ಅಚ್ಚು ಹಾಕಿಸಿದವರೆಂದು ಅವರನ್ನು ನೆನೆಯುತ್ತೇವೆ, ಗ್ರಾಮಫೋನಿನ ಕಹಳೆಯ ಮುಂದೆ ಹಾಡಿದ ತಲೆಮಾರಿನವರೆಂದು ನೆನೆಯುವುದು ಕಡಿಮೆ. ಆಗಿನ ಮುದ್ರಣಕ್ಕೆ ವಿದ್ಯುತ್ತಿಲ್ಲ, ಮೈಕಿಲ್ಲ. ಒಂದು ಲೋಹದ ಕಹಳೆ, ಅದರ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಅಂಟಿದ ಸೂಜಿ. ನಾದದ ಸ್ವಂತ ಬಲದಿಂದಲೇ ಮೇಣದಲ್ಲಿ ಗೀರು ಮೂಡಬೇಕು. ಆದ್ದರಿಂದ ಮುಖವನ್ನು ಕಹಳೆಯ ಬಾಯಿಗೆ ಹಿಡಿದು ಹಾಡಬೇಕು, ತಾರಸ್ಥಾಯಿಗೆ ಹೋದಾಗ ಸೂಜಿ ಎಗರದಂತೆ ತಲೆ ಹಿಂದೆ ಸರಿಸಬೇಕು, ಮಂದ್ರಕ್ಕೆ ಇಳಿದಾಗ ಮತ್ತೆ ಬಗ್ಗಬೇಕು, ಇಷ್ಟನ್ನೂ ಮೂರು ನಾಲ್ಕು ನಿಮಿಷದಲ್ಲಿ ಮುಗಿಸಬೇಕು. ಸುಮಾರು 2000 ಹರ್ಟ್ಸ್‌ಗಿಂತ ಮೇಲಿನ ನಾದ ಆ ಯಂತ್ರಕ್ಕೆ ಹೆಚ್ಚುಕಡಿಮೆ ಕಿವುಡು. ತಂಬೂರಿಯ ಝೇಂಕಾರದ ಜೀವ ಇರುವುದು ಬಹುಪಾಲು ಅಲ್ಲೇ. ಶ್ರುತಿ ಮಾಯವಾಯಿತು, ಕೋಣೆ ಮಾಯವಾಯಿತು, ಉಳಿದದ್ದು ಬಾಯಿ. ಹಳೆಯ ತಟ್ಟೆಗಳನ್ನು ಕೇಳಿ ಆಗಿನವರ ಶಾರೀರ ಕರ್ಕಶವಾಗಿತ್ತು ಎಂದು ತೀರ್ಪು ಕೊಡುವವರಿದ್ದಾರೆ. ಅವರು ಕೇಳುತ್ತಿರುವುದು ಒಂದು ಗೇಣಿನ ದೂರವನ್ನು. ಆ ಶಾರೀರ ಪಳಗಿದ್ದು ಅಷ್ಟು ಹತ್ತಿರದ ಕಿವಿಗಲ್ಲ.

ಪಿಟೀಲಿನ ಪಾಡು ಇನ್ನೂ ಕಷ್ಟ. ಕಹಳೆಗೆ ಅದು ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಲಂಡನ್ನಿನಲ್ಲಿ ಸ್ಟ್ರೋ ಎಂಬುವರು 1899ರಲ್ಲಿ ಇದಕ್ಕೊಂದು ಉಪಾಯ ಹೂಡಿ ಪೇಟೆಂಟು ಪಡೆದರು: ಪಿಟೀಲಿನ ಮರದ ಒಡಲನ್ನೇ ತೆಗೆದುಹಾಕಿ ಆ ಜಾಗದಲ್ಲಿ ಪೊರೆಯನ್ನೂ ಲೋಹದ ಕಹಳೆಯನ್ನೂ ಕೂರಿಸಿದರು. ಕಹಳೆ ಮುದ್ರಣ ಯಂತ್ರದ ಕಡೆಗೆ ಮುಖಮಾಡಿ ನುಡಿಯಿತು, ಸೂಜಿಗೆ ಕೇಳಿಸಿತು. ಚೌಡಯ್ಯನವರದೂ ಪಿಟೀಲು ಕೇಳಿಸದ ಸಮಸ್ಯೆಯೇ, ಆದರೆ ಅವರು ಒಡಲನ್ನು ಮುಟ್ಟಲಿಲ್ಲ. ಒಂದೇ ಎಳೆತಕ್ಕೆ ಜೋಡಿ ತಂತಿಗಳು ನುಡಿಯುವಂತೆ ಮಾಡಿದರು. ಲೆಕ್ಕ ಹಾಕಿದರೆ ಇದರಿಂದ ಬರುವ ಬರಿಯ ಬಲ ದೊಡ್ಡದಲ್ಲ. ಸಮನಾದ ಎರಡು ಮೂಲಗಳು ಕೂಡಿದರೆ ಏರುವುದು ಸುಮಾರು 3 ಡೆಸಿಬಲ್. ದೊರೆತದ್ದು ಬೇರೆ ಗುಣ. ಒಂದೇ ಬೆರಳಿನಡಿಯ ಎರಡು ತಂತಿಗಳು ಕೂದಲೆಳೆಯಷ್ಟಾದರೂ ವ್ಯತ್ಯಾಸವಿಲ್ಲದೆ ನುಡಿಯುವುದಿಲ್ಲ. ಆ ವ್ಯತ್ಯಾಸದಿಂದ ನಾದ ದಪ್ಪವಾಗುತ್ತದೆ, ಕಂಠದ ಮತ್ತು ಮೃದಂಗದ ನಡುವೆಯೂ ಕಿವಿ ಅದನ್ನು ಗುರುತಿಸಿ ಹಿಡಿಯುತ್ತದೆ. ಹತ್ತು ಮಾರು ದೂರದಲ್ಲಿ ಇದು ತುಂಬುನಾದ. ಒಂದು ಗೇಣು ದೂರದಲ್ಲಿ ಅದೇ ವ್ಯತ್ಯಾಸ ಅಪಸ್ವರದ ಅನುಮಾನ ಹುಟ್ಟಿಸುತ್ತದೆ, ಜೊತೆಗೆ ಜೋಡಿ ತಂತಿಗೆ ಬೇಕಾದ ಹೆಚ್ಚಿನ ಕಮಾನಿನ ಒತ್ತಡದ ಕೆರೆತವೂ ಕೇಳುತ್ತದೆ. ಅಂದರೆ ಏಳು ತಂತಿಯ ಪಿಟೀಲು ಒಳ್ಳೆಯದೋ ಅಲ್ಲವೋ ಎಂಬ ಪ್ರಶ್ನೆಗೆ ದೂರವನ್ನು ಹೇಳದೆ ಉತ್ತರವೇ ಇಲ್ಲ.

ಮೈಕು ಬಂದಮೇಲೆ ಆ ತಂತಿಗಳ ಅಗತ್ಯವೇ ತೀರಿತಲ್ಲ, ದೂರದ ಪ್ರಶ್ನೆಯನ್ನು ಯಂತ್ರವೇ ಬಗೆಹರಿಸಿತಲ್ಲ ಎಂಬುದು ಸಹಜವಾದ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಇಂದಿನ ವೇದಿಕೆಗಳಲ್ಲಿ ಮೆರೆಯುತ್ತಿರುವುದು ನಾಲ್ಕು ತಂತಿಯ ಪಿಟೀಲೇ. ಆದರೆ ಮೈಕು ಬಗೆಹರಿಸಿದ್ದು ಬಲದ ಪ್ರಶ್ನೆಯನ್ನು ಮಾತ್ರ. ಪಿಟೀಲಿನಿಂದ ಕೆಳಗಿನ ಸ್ವರಾಂಶಗಳು ಎಲ್ಲ ಕಡೆಗೂ ಹರಡುತ್ತವೆ, ಮೇಲಿನವು ಒಂದೊಂದು ದಿಕ್ಕಿಗೆ ಒಂದೊಂದರಂತೆ ಚಿಮ್ಮುತ್ತವೆ. ಇವೆಲ್ಲ ಕೂಡಿ ಪಿಟೀಲಿನ ನಾದ ಎನ್ನಿಸಿಕೊಳ್ಳುವುದು ಒಂದಷ್ಟು ದೂರ ಸಾಗಿದ ಮೇಲೆ, ಸೂರಿಗೂ ಗೋಡೆಗೂ ತಾಗಿ ಬಂದದ್ದು ನೇರವಾಗಿ ಬಂದದ್ದರ ಜೊತೆ ಸೇರಿದ ಮೇಲೆ. ಒಂದು ಗೇಣಿನಲ್ಲಿಟ್ಟ ಮೈಕಿಗೆ ಸಿಗುವುದು ವಾದ್ಯದ ಒಂದು ಮಗ್ಗುಲು. ಕಂಠಕ್ಕೂ ಇದೇ ಮಾತು: ಎದೆಯ, ತಲೆಯ, ಬಾಯಿಯ ನಾದ ಬೆರೆಯಲು ಜಾಗ ಬೇಕು. ಸಾಲದ್ದಕ್ಕೆ ಸಾಮಾನ್ಯವಾಗಿ ಮನೆಗಳಲ್ಲಿ ಬಳಸುವ ಏಕದಿಕ್ಕಿನ ಮೈಕು ಹತ್ತಿರ ಬಂದಷ್ಟೂ ಮಂದ್ರವನ್ನು ಉಬ್ಬಿಸುತ್ತದೆ. ಮೊದಲ ಸಲ ಕೇಳಿದಾಗ ಆ ಉಬ್ಬು ಗಾಂಭೀರ್ಯದ ಹಾಗೆ ಕಾಣುತ್ತದೆ. ಗಮಕಗಳ ಅಂಚು ಮೊಂಡಾಗಿರುವುದು ಆಮೇಲೆ ತಿಳಿಯುತ್ತದೆ.

ಹಾಗಾದರೆ ಹಿಂದೆ ಸರಿಸಿದರಾಯಿತೇ? ಅಲ್ಲಿ ಕೋಣೆ ಅಡ್ಡ ಬರುತ್ತದೆ, ಮನೆಯೊಳಗಿನ ಮುದ್ರಣದ ನಿಜವಾದ ತೊಡಕು ಇದೇ. ಮನೆಯೊಳಗೆ ಮೈಕು ಇಡುವುದು ನಮ್ಮ ಸೀಮೆಗೆ ಹೊಸದಲ್ಲ. ಆಕಾಶವಾಣಿ ಎಂಬ ಹೆಸರಿನ ಮೊದಲ ನಿಲಯವನ್ನು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಆರಂಭಿಸಿದ್ದು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ. ಆ ಕಾಲದ ಮನೆಗಳಿಗೂ ಈಗಿನವಕ್ಕೂ ಇರುವ ವ್ಯತ್ಯಾಸವನ್ನು ನಾವು ಗಮನಿಸುವುದಿಲ್ಲ. ಕೋಣೆಯಲ್ಲಿ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾರ್ವರ್ಡಿನ ಸೇಬೈನ್ ಸೂತ್ರ ಕಂಡುಕೊಂಡಾಗ ಅವರು ಅಳತೆಗೋಲಾಗಿ ಹಿಡಿದದ್ದು ತೆರೆದ ಕಿಟಕಿಯನ್ನು: ಅದರಿಂದ ಆಚೆ ಹೋದ ನಾದ ಹಿಂದಿರುಗುವುದಿಲ್ಲ, ಆದ್ದರಿಂದ ಅದು ಪೂರ್ಣವಾಗಿ ಹೀರುವ ಮೈ. ಮೈಸೂರು ಸೀಮೆಯ ತೊಟ್ಟಿಮನೆಗೆ ನಡುವೆ ಆಕಾಶವೇ ತೆರೆದಿರುತ್ತದೆ. ಸುತ್ತ ಮರದ ಕಂಬ, ಹೆಂಚಿನ ಮಾಡು, ಮಣ್ಣಿನ ದಪ್ಪ ಗೋಡೆ. ಪಡಸಾಲೆಯಲ್ಲಿ ಕೂತು ಹಾಡಿದರೆ ಒಂದಷ್ಟು ನಾದ ಮರಳುತ್ತದೆ, ಮಿಕ್ಕದ್ದು ತೊಟ್ಟಿಯಿಂದ ಮೇಲೆ ಹೋಗುತ್ತದೆ. ಈಗಿನ ಆರ್‌ಸಿಸಿ ಮನೆಯ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಖಾಲಿ ಕೋಣೆಯನ್ನು ತೆಗೆದುಕೊಳ್ಳಿ. ಗೋಡೆ, ನೆಲ, ಸೂರು ಸೇರಿ 680 ಚದರಡಿ. ಗಾರೆಯೂ ಟೈಲ್ಸೂ ನೂರಕ್ಕೆ ಮೂರರಷ್ಟು ಹೀರುತ್ತವೆ ಎಂದುಕೊಂಡರೆ ಇಡೀ ಕೋಣೆ ಹೀರುವುದು ಸುಮಾರು 20 ಚದರಡಿಯ ತೆರಪಿನಷ್ಟು. ಮೂರಡಿಗೆ ನಾಲ್ಕಡಿಯ ಒಂದು ಕಿಟಕಿ ತೆರೆದರೆ ಇನ್ನೂ 12 ಚದರಡಿ ಸೇರುತ್ತದೆ! ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಸೂತ್ರದ ಪ್ರಕಾರ ನಾದ ಪೂರ್ತಿ ಅಳಿಯಲು ಹತ್ತಿರ ಹತ್ತಿರ ಮೂರು ಸೆಕೆಂಡು ಬೇಕು. ಹಾಡುವವನಿಂದ ಒಂದು ಗೇಣು ದಾಟುವುದರೊಳಗೇ ಅವನ ದನಿಗಿಂತ ಕೋಣೆಯ ದನಿ ದೊಡ್ಡದಾಗುತ್ತದೆ. ಜಮಖಾನ, ಹಾಸಿಗೆ, ಪುಸ್ತಕದ ಕಪಾಟು, ದಪ್ಪ ಪರದೆ ತುಂಬಿ ಆ ಹೊತ್ತನ್ನು ಅರ್ಧ ಸೆಕೆಂಡಿನ ಆಸುಪಾಸಿಗೆ ತಂದರೆ ಆ ಗಡಿ ಒಂದು ಮೊಳಕ್ಕೆ ಸರಿಯುತ್ತದೆ, ಏಕದಿಕ್ಕಿನ ಮೈಕಿಗೆ ಇನ್ನೂ ಮುಕ್ಕಾಲು ಮೊಳ ಆಚೆಗೆ. ಅಲ್ಲಿಗೆ ಕಂಠ ಬೆರೆಯಲು ಬೇಕಾದ ಜಾಗ ದೊರೆಯಿತು. ಬಾಯಿಗೆ ಅಂಟಿಸಿದ ಮೈಕು ಕೆಟ್ಟ ಕೋಣೆಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಅಭ್ಯಾಸ. ಅದನ್ನೇ ಕ್ರಮವೆಂದು ಕಲಿಸುತ್ತಿರುವುದು ಬೇಸರದ ಸಂಗತಿ.

ಶಾಸ್ತ್ರೀಯ ಸಂಗೀತಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದಿರುವುದು ಜನಪದ ಕಾವ್ಯಗಳಿಗೆ. ಈ ಎರಡೂ ತಾಲ್ಲೂಕುಗಳು ನೀಲಗಾರರ ಮತ್ತು ದೇವರಗುಡ್ಡರ ಸೀಮೆ. ಮಂಟೇಸ್ವಾಮಿಯ, ಮಲೆ ಮಾದೇಶ್ವರನ ಕಥೆ ರಾತ್ರಿಯಿಡೀ ಮನೆಯ ಮುಂದೆ, ಚಪ್ಪರದಡಿ ನಡೆಯುತ್ತದೆ. ಮುಖ್ಯ ಗಾಯಕ ಕಥೆ ಎತ್ತುತ್ತಾನೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ಸೊಲ್ಲಿನ ಹೊತ್ತಿಗೆ ಅವನು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾನೆ. ತಂಬೂರಿ ಮೆತ್ತಗೆ, ಗಗ್ಗರ ಚುರುಕು, ಕಂಸಾಳೆಯಂತೂ ಕಂಚು. ಬಯಲಿನಲ್ಲಿ ನಾಲ್ಕು ಮಾರು ದೂರ ಕೂತವನಿಗೆ ಇವು ಹದವಾಗಿ ಬೆರೆತು ಬರುತ್ತವೆ. ಕ್ಯಾಸೆಟ್ಟಿನ ಕಾಲದಲ್ಲಿ ಈ ಮೇಳಗಳು ಸ್ಟುಡಿಯೋಗೆ ಹೋದವು. ಕಥೆಗಾರನ ಬಾಯಿಗೆ ಒಂದು ಮೈಕು, ಹಿಮ್ಮೇಳಕ್ಕೆಲ್ಲ ಸೇರಿ ಇನ್ನೊಂದು, ಮೇಲೆ ಯಂತ್ರದ ಮಾರ್ದನಿ ಎಂಬಂಥ ಏರ್ಪಾಡಿನ ಫಲವನ್ನು ಅನೇಕ ಕ್ಯಾಸೆಟ್ಟುಗಳಲ್ಲಿ ಕೇಳಬಹುದು. ಕಥೆಗಾರ ಒಬ್ಬಂಟಿಯಾಗಿದ್ದಾನೆ, ಸೊಲ್ಲು ಪಕ್ಕದ ಕೋಣೆಯಿಂದ ಬಂದಂತಿದೆ. ಜಾನಪದ ವಿದ್ವಾಂಸರು ಇದನ್ನು ಒಪ್ಪದಿರಬಹುದು. ಸಂಗ್ರಹದಲ್ಲಿ ಮುಖ್ಯವಾದದ್ದು ಕಾವ್ಯದ ಪಾಠ, ಪದ ಸ್ಪಷ್ಟವಾಗಿ ಕೇಳಬೇಕು, ಅದಕ್ಕೆ ಮೈಕು ಹತ್ತಿರವೇ ಇರಬೇಕು ಎನ್ನಬಹುದು. ಜೀ. ಶಂ. ಪರಮಶಿವಯ್ಯ, ಎಚ್. ಎಲ್. ನಾಗೇಗೌಡರಂಥವರ ದುಡಿಮೆಯಿಂದ ನಮಗೆ ದಕ್ಕಿದ ಸಂಪತ್ತನ್ನು ನೋಡಿದರೆ ಆ ಮಾತಿಗೆ ತೂಕವಿದೆ. ಪಾಠ ಉಳಿಯದಿದ್ದರೆ ಬೇರೇನೂ ಉಳಿಯುವುದಿಲ್ಲ. ಆದರೆ ಆ ಪಾಠ ಹುಟ್ಟುವುದೇ ಸೊಲ್ಲಿನ ಬಿಡುವಿನಲ್ಲಿ. ಯಾವ ಸಾಲು ಎಲ್ಲಿ ಮುರಿಯಿತು, ಯಾಕೆ ಮರುಕಳಿಸಿತು ಎಂದು ತಿಳಿಯಲು ಹಿಮ್ಮೇಳವೂ ಕೇಳುಗರ ಹೂಂಗುಟ್ಟುವಿಕೆಯೂ ಸಮನಾಗಿ ಕೇಳಬೇಕು. ಪದಗಳಿಗಾಗಿ ಒಂದು ಮೈಕನ್ನು ಹತ್ತಿರವಿಟ್ಟು, ಕೇಳುಗರ ಜಾಗದಲ್ಲಿ ಇನ್ನೊಂದನ್ನು ಇಡಲು ಇವತ್ತು ಅಂಥ ಖರ್ಚೇನೂ ಇಲ್ಲ.

ಕೊನೆಯ ಆಕ್ಷೇಪ ಈಗಿನ ಹುಡುಗರದು, ಅದೇ ಹೆಚ್ಚು ಗಟ್ಟಿಯಾದದ್ದು. ಹತ್ತಿರದಿಂದ ಒಣದಾಗಿ ಮುದ್ರಿಸಿಕೊಂಡರೆ ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ಹಾಲಿನ ಅನುರಣನ ಸೇರಿಸಬಹುದು. ಮೊದಲೇ ಸೇರಿದ ಕೋಣೆಯನ್ನು ತೆಗೆಯಲಾಗದು. ಎರಡನೆಯ ಮಾತು ಅಕ್ಷರಶಃ ನಿಜ, ತಿದ್ದಲಾಗದ ಕೋಣೆಯಲ್ಲಿ ಹತ್ತಿರವೇ ಗತಿ. ಮೊದಲನೆಯದು ಅಷ್ಟು ನಿಜವಲ್ಲ. ಕಂಪ್ಯೂಟರು ಅನುರಣನ ಕೊಡುವುದು ಮೈಕಿಗೆ ಸಿಕ್ಕ ಆ ಒಂದು ಮಗ್ಗುಲಿಗೆ. ಸಿಗದೇ ಹೋದ ಉಳಿದ ಮಗ್ಗುಲುಗಳನ್ನು ಅದು ಹುಟ್ಟಿಸಲಾರದು. ಇನ್ನೂ ದೊಡ್ಡದು ಹಾಡುವವನ ನಡವಳಿಕೆ. ಬಾಯ ಮುಂದೆ ಮೈಕಿದ್ದರೆ ಮನುಷ್ಯ ಪಿಸುದನಿಯ ಹತ್ತಿರಕ್ಕೆ ಇಳಿಯುತ್ತಾನೆ, ತೆರೆದ ಕಂಠ ಮುಚ್ಚಿಕೊಳ್ಳುತ್ತದೆ. ನಾಗರತ್ನಮ್ಮನವರ ತಲೆಮಾರು ಕಹಳೆಯ ಮುಂದೆಯೂ ಸಭೆಗೆ ಹಾಡುವಂತೆಯೇ ಹಾಡಿತು. ಯಂತ್ರ ಸಾಲದಾಯಿತು, ಗಾಯನ ಸಾಲದಾಗಲಿಲ್ಲ. ಭಾವಗೀತೆಗೋ ಸಿನಿಮಾ ಹಾಡಿಗೋ ಪಿಸುದನಿಯೇ ಬೇಕಿದ್ದರೆ ಒಂದು ಗೇಣಿನ ಮೈಕು ಸರಿಯೇ, ಅವು ಮೈಕಿನ ಜೊತೆಗೇ ಬೆಳೆದ ಗಾಯನಗಳು. ಚೌಡಯ್ಯನವರ ಬಾನಿಗೂ ನೀಲಗಾರರ ಕಥೆಗೂ ಅದು ಒಗ್ಗುವುದಿಲ್ಲ.

ಮುದ್ರಿಸುವವರಲ್ಲಿ ಒಂದು ಕೋರಿಕೆ ಇದೆ. ಹಳೆಯ ತಟ್ಟೆಗಳ ಮೇಲೆ ರಾಗ, ತಾಳ, ಕಲಾವಿದರ ಹೆಸರು ಇರುತ್ತವೆ. ಎಲ್ಲಿ ಕೂತು ಹಾಡಿದರು, ಕಹಳೆ ಎಷ್ಟು ದೂರವಿತ್ತು ಎಂಬುದು ಇರುವುದಿಲ್ಲ. ನೀವು ಮನೆಯಲ್ಲಿ ಮಾಡಿಕೊಂಡ ಮುದ್ರಣದ ಜೊತೆ ನಾಲ್ಕು ವಿವರ ಬರೆದಿಡಿ: ಕೋಣೆಯ ಅಳತೆ, ನೆಲಕ್ಕೆ ಏನು ಹಾಸಿತ್ತು, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಮೈಕು ಎಷ್ಟು ಮೊಳ ದೂರದಲ್ಲಿತ್ತು.