ಗ್ರಹಣಕಾಲದ ಪಲ್ಲಟ: ಗರ್ಭಾಶಯದ ಒಳಪದರವನ್ನು ಕುರಿತ ಒಂದು ವಾದದ ಪರಿಶೀಲನೆ

ಸ್ಪೇನಿನ ವೆಲೆನ್ಸಿಯಾದಲ್ಲಿ ಕಾರ್ಲೋಸ್ ಸಿಮೋನ್ ಮತ್ತು ಅವರ ಸಹೋದ್ಯೋಗಿಗಳು, ಗರ್ಭಾಶಯದ ಒಳಪದರದಲ್ಲಿ 238 ಜೀನುಗಳ ಅಭಿವ್ಯಕ್ತಿಯನ್ನು ಅಳೆದು ಆ ಪದರವು ಭ್ರೂಣವನ್ನು ಸ್ವೀಕರಿಸಲು ಸಿದ್ಧವಾಗಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಪರೀಕ್ಷೆಯೊಂದನ್ನು 2011ರಲ್ಲಿ ಪ್ರಕಟಿಸಿದಂದಿನಿಂದ, ಐವಿಎಫ್ ಚಿಕಿತ್ಸೆಯಲ್ಲಿ ಪದೇ ಪದೇ ವಿಫಲರಾದ ಸ್ತ್ರೀಯರ ವಿಷಯವಾಗಿ ಒಂದು ಅಭಿಪ್ರಾಯವು ಬಲವಾಗಿ ಬೇರೂರಿದೆ. ಒಳಪದರದ ಗ್ರಹಣಕಾಲವು ಕೆಲವು ಸ್ತ್ರೀಯರಲ್ಲಿ ವಾಡಿಕೆಯ ಹೊತ್ತಿಗಿಂತ ಮುಂದಕ್ಕೋ ಹಿಂದಕ್ಕೋ ಸರಿದಿರುತ್ತದೆಂದೂ, ಆ ಸರಿತವು ಒಂದು ಋತುಚಕ್ರದಿಂದ ಇನ್ನೊಂದಕ್ಕೆ ಬದಲಾಗದೆ ಆಯಾ ಸ್ತ್ರೀಯ ದೇಹಧರ್ಮವೇ ಆಗಿ ಉಳಿಯುತ್ತದೆಂದೂ, ಅದನ್ನು ಗುರುತಿಸಿ ಭ್ರೂಣ ವರ್ಗಾವಣೆಯ ಹೊತ್ತನ್ನು ತಿದ್ದಿದರೆ ಗರ್ಭವು ನಿಲ್ಲುತ್ತದೆಂದೂ ಈ ಪಕ್ಷದವರ ಪ್ರತಿಪಾದನೆ. ಈ ಮೂರರಲ್ಲಿ ಎರಡನೆಯದನ್ನು, ಎಂದರೆ ಪಲ್ಲಟದ ಸ್ಥಿರತೆಯನ್ನು, ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವಾದವಿಲ್ಲದ ಅಂಶಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಋತುಚಕ್ರದ ಪೂರ್ವಾರ್ಧದಲ್ಲಿ ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ. ಅಂಡೋತ್ಸರ್ಗದ ತರುವಾಯ ಪ್ರೊಜೆಸ್ಟರಾನ್ ಅದನ್ನು ಸ್ರಾವಶೀಲವನ್ನಾಗಿ ಪರಿವರ್ತಿಸುತ್ತದೆ. ಆ ಪರಿವರ್ತನೆಯ ಮಧ್ಯಭಾಗದಲ್ಲಿ ಕೆಲವೇ ದಿನಗಳ ಮಟ್ಟಿಗೆ ಭ್ರೂಣವು ನೆಲೆಗೊಳ್ಳಲು ಅನುಕೂಲ ಒದಗುತ್ತದೆ. ಒಳಪದರದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಚಕ್ರದ ಯಾವ ದಿನದ್ದೆಂದು ಹೇಳುವ ಲಕ್ಷಣಗಳನ್ನು ನಾಯ್ಸ್, ಹರ್ಟಿಗ್ ಮತ್ತು ರಾಕ್ 1950ರಲ್ಲಿಯೇ ನಿರೂಪಿಸಿದ್ದರು. ಅರ್ಧ ಶತಮಾನದವರೆಗೆ ಪ್ರಮಾಣವೆನಿಸಿದ್ದ ಆ ಪದ್ಧತಿಯು ಸಂತಾನವುಳ್ಳವರನ್ನೂ ಇಲ್ಲದವರನ್ನೂ ಬೇರ್ಪಡಿಸಲಾರದೆಂಬುದು 2004ರಲ್ಲಿ ಕುಟಿಫಾರಿಸ್ ಮತ್ತಿತರರ ಅಧ್ಯಯನದಿಂದ ವಿದಿತವಾಯಿತು. ಅಂಡಾಶಯವನ್ನು ಔಷಧದಿಂದ ಪ್ರಚೋದಿಸಿದ ಚಕ್ರದಲ್ಲಿ ಒಳಪದರವು ಭ್ರೂಣಕ್ಕೆ ಅನುಕೂಲವಾಗಿರದೆಂಬ ಆಲೋಚನೆಯೂ ಹೊಸದಲ್ಲ. 1978ರಲ್ಲಿ ಕಲ್ಕತ್ತೆಯ ಸುಭಾಷ್ ಮುಖೋಪಾಧ್ಯಾಯರು ಭ್ರೂಣವನ್ನು 53 ದಿನ ಹಿಮಸ್ಥಿತಿಯಲ್ಲಿರಿಸಿ, ಬಳಿಕ ಬಂದ ಸಹಜ ಚಕ್ರವೊಂದರಲ್ಲಿ ತಾಯಿಯ ಗರ್ಭಾಶಯಕ್ಕೆ ಸೇರಿಸಿದ್ದರು. ಅವರ ಜೀವಿತಕಾಲದಲ್ಲಿ ಮಾನ್ಯತೆ ದೊರೆಯದ ಆ ಸಾಧನೆಯನ್ನು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಎತ್ತಿಹಿಡಿದವರು ಟಿ. ಸಿ. ಆನಂದಕುಮಾರ್; ಭಾರತದ ಪ್ರಥಮ ಪ್ರನಾಳಶಿಶುವಿನ ಕೀರ್ತಿಯು ಅಲ್ಲಿಯವರೆಗೆ ತಮ್ಮ ತಂಡಕ್ಕೇ ಸಲ್ಲುತ್ತಿದ್ದರೂ ಅವರು ಹಾಗೆ ಮಾಡಿದರೆಂಬುದನ್ನು ಇಲ್ಲಿ ನೆನೆಯದೆ ಹೋಗುವುದು ಉಚಿತವಲ್ಲ.

ಇನ್ನು ವಿವಾದಾಂಶಕ್ಕೆ ಬರುವ. ಪಲ್ಲಟವಾದಕ್ಕೆ ಮುಖ್ಯ ಆಧಾರವಾದದ್ದು 2013ರ ರೂಯಿಸ್-ಅಲಾನ್ಸೊ ಮತ್ತಿತರರ ಲೇಖನ. ಪದೇ ಪದೇ ವಿಫಲರಾದ 85 ಮಂದಿಯಲ್ಲಿ ಶೇಕಡಾ 25.9ರಷ್ಟು ಜನರ ಒಳಪದರವು ನಿರೀಕ್ಷಿತ ದಿನದಲ್ಲಿ ಅಸಿದ್ಧವಾಗಿತ್ತೆಂದೂ, ಹೋಲಿಕೆಗಾಗಿ ತೆಗೆದುಕೊಂಡ 25 ಮಂದಿಯಲ್ಲಿ ಆ ಪ್ರಮಾಣವು ಶೇಕಡಾ 12 ಆಗಿತ್ತೆಂದೂ ಅದರಲ್ಲಿ ವರದಿಯಾಗಿದೆ. ಎರಡನೆಯ ಸಂಖ್ಯೆಯು ಕೇವಲ ಮೂವರು ಸ್ತ್ರೀಯರನ್ನು ಅವಲಂಬಿಸಿದ್ದೆಂಬುದನ್ನು ಸದ್ಯಕ್ಕೆ ಬದಿಗಿರಿಸಿ, ಅದನ್ನೇ ಸತ್ಯವೆಂದು ಗ್ರಹಿಸೋಣ. ಅದರಿಂದ ಏನು ಫಲಿಸಬೇಕೆಂದು ನೋಡೋಣ.

ಪಿರ್ಟಿಯಾ ಮತ್ತಿತರರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,429 ಸ್ತ್ರೀಯರಿಗೆ, ವರ್ಣತಂತುಗಳು ಸರಿಯಾಗಿವೆಯೆಂದು ಪರೀಕ್ಷಿತವಾದ ಒಂದೊಂದೇ ಭ್ರೂಣವನ್ನು ಗರಿಷ್ಠ ಮೂರು ಸಲ ವರ್ಗಾಯಿಸಲಾಗಿತ್ತು. ನೆಲೆನಿಂತ ಗರ್ಭಗಳ ಪ್ರಮಾಣವು ಮೊದಲ ಸಲ ಶೇಕಡಾ 69.9, ಎರಡನೆಯ ಸಲ 59.8, ಮೂರನೆಯ ಸಲ 60.3. ಈಗ, ನೂರಕ್ಕೆ ಹನ್ನೆರಡು ಮಂದಿಯಲ್ಲಿ ಗ್ರಹಣಕಾಲವು ಸ್ಥಿರವಾಗಿ ಸರಿದಿದ್ದು, ವಾಡಿಕೆಯ ಹೊತ್ತಿನಲ್ಲಿ ಇರಿಸಿದ ಭ್ರೂಣವು ಅವರಲ್ಲಿ ಎಂದಿಗೂ ನಿಲ್ಲದೆನ್ನೋಣ. ಹಾಗಿದ್ದಲ್ಲಿ ಮೊದಲ ಸಲ ಗೆದ್ದವರೆಲ್ಲರೂ ಉಳಿದ 88 ಮಂದಿಯೊಳಗಿನವರು. ಸೋತ ಸುಮಾರು 30 ಮಂದಿಯಲ್ಲಿ ಆ ಹನ್ನೆರಡು ಮಂದಿಯೂ ಸೇರಿರಬೇಕು. ಒಂದೊಂದು ಸುತ್ತಿನಲ್ಲಿಯೂ ಗೆದ್ದವರು ಹೊರಹೋಗುತ್ತ, ಜರಡಿಯಲ್ಲಿ ಕಲ್ಲುಗಳು ಉಳಿಯುವಂತೆ, ಪಲ್ಲಟವುಳ್ಳವರ ಅಂಶವು ಹೆಚ್ಚುತ್ತ ಹೋಗತಕ್ಕದ್ದು. ಲೆಕ್ಕ ಹಾಕಿದರೆ ಎರಡನೆಯ ಸಲ ಶೇಕಡಾ 48ರಷ್ಟು, ಮೂರನೆಯ ಸಲ ಕೇವಲ 19ರಷ್ಟು ಸಫಲತೆ ದೊರೆಯಬೇಕಿತ್ತು. ಪಲ್ಲಟವುಳ್ಳವರು ನೂರಕ್ಕೆ ಐವರೆಂದು ಇಳಿಸಿಕೊಂಡರೆ ಎರಡನೆಯ ಸಂಖ್ಯೆಯು 61ರ ಸಮೀಪಕ್ಕೆ ಬಂದು ವಾಸ್ತವಕ್ಕೆ ಹೊಂದಿಕೊಳ್ಳುತ್ತದೆ. ಮೂರನೆಯದಾದರೋ 42ಕ್ಕೆ ನಿಲ್ಲುತ್ತದೆ. ಕಂಡುಬಂದದ್ದು ಅರವತ್ತು.

ಆದಕಾರಣ, ಪೂರ್ಣ ನಿರೋಧಕವೂ ಸ್ಥಿರವೂ ಆದ ಕಾಲಪಲ್ಲಟವು ಇದ್ದರೂ ಅದು ಅತಿ ವಿರಳವಾಗಿರಬೇಕೆಂದು ಈ ಲೇಖಕನಿಗೆ ತೋರುತ್ತದೆ. ಈ ಮಾತನ್ನು ಎಷ್ಟರಮಟ್ಟಿಗೆ ಒತ್ತಿ ಹೇಳಬಹುದೆಂಬುದು ಬೇರೆ ವಿಚಾರ. ಮೊದಲನೆಯದಾಗಿ, ಆ ಅಧ್ಯಯನವು ಹಿಂದಿನ ದಾಖಲೆಗಳನ್ನು ಆಧರಿಸಿದ್ದು. ಗರ್ಭಾಶಯದ ರಚನೆಯಲ್ಲಿ ದೋಷವಿಲ್ಲದವರನ್ನು ಮಾತ್ರ ಅದರಲ್ಲಿ ಎಣಿಸಲಾಗಿತ್ತು. ಎರಡನೆಯದಾಗಿ, ಸೋತವರೆಲ್ಲರೂ ಮುಂದಿನ ಸುತ್ತಿಗೆ ಬಂದವರಲ್ಲ. ಬಾರದೆ ಹೋದವರು ಬಂದವರಿಗೆ ಸಮಾನರೇ ಎಂಬುದು ನಿಶ್ಚಿತವಲ್ಲ. ಮೂರನೆಯ ಸಲ ಇಳಿಕೆಯೇ ಕಾಣದಿರುವುದು ಇಂತಹ ಆಯ್ಕೆಯ ಫಲವೂ ಇರಬಹುದು. ಸೋಲಿನ ಅನಂತರ ವೈದ್ಯರು ಔಷಧಕ್ರಮವನ್ನು ತಿದ್ದಿರಬಹುದಾದ ಸಂಭವವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಪಲ್ಲಟವು ಸಫಲತೆಯನ್ನು ಸೊನ್ನೆಗಿಳಿಸದೆ ಅರ್ಧಕ್ಕಿಳಿಸುವುದಾದರೆ ನನ್ನ ಗಣಿತದ ತೀಕ್ಷ್ಣತೆಯು ಬಹುಪಾಲು ಮೊಂಡಾಗುತ್ತದೆ. ಆದರೆ ಪ್ರತಿಪಕ್ಷದವರು ಈ ಆಶ್ರಯವನ್ನು ಹಿಡಿದರೆ ಮುಚ್ಚಿದ ಗ್ರಹಣಕಾಲವೆಂಬ ಮೂಲಪ್ರತಿಜ್ಞೆಯನ್ನೇ ಸಡಿಲಿಸಿದಂತಾಗುತ್ತದೆಂಬುದನ್ನು ಮರೆಯಲಾಗದು.

ಪ್ರಯೋಗದ ಸಾಕ್ಷ್ಯವೂ ಇದೇ ದಿಕ್ಕಿಗೆ ಕೈತೋರುತ್ತದೆ. ಡಾಯ್ಲ್ ಮತ್ತಿತರರು 2022ರಲ್ಲಿ ಪ್ರಕಟಿಸಿದ ಯಾದೃಚ್ಛಿಕ ಪ್ರಯೋಗದಲ್ಲಿ 767 ಸ್ತ್ರೀಯರಿದ್ದರು. ಪರೀಕ್ಷೆಯಂತೆ ಹೊತ್ತನ್ನು ತಿದ್ದಿದವರಲ್ಲಿ ಶೇಕಡಾ 58.5ರಷ್ಟು, ವಾಡಿಕೆಯ ಹೊತ್ತನ್ನೇ ಅನುಸರಿಸಿದವರಲ್ಲಿ 61.9ರಷ್ಟು ಜೀವಂತ ಜನನಗಳಾದವು. ಪರೀಕ್ಷೆಯಲ್ಲಿ ಸಿದ್ಧವೆಂದು ಕಂಡವರಿಗೆ ಎರಡು ಗುಂಪುಗಳಲ್ಲಿಯೂ ದೊರೆತ ಚಿಕಿತ್ಸೆ ಒಂದೇ ಆದುದರಿಂದ, ಇರಬಹುದಾದ ವ್ಯತ್ಯಾಸವು ತೆಳುವಾಗಿ ಕಾಣುವುದು ಸಹಜವೆಂಬ ಆಕ್ಷೇಪವನ್ನು ಒಪ್ಪಬೇಕು. ಆ ಸ್ತ್ರೀಯರು ಪದೇ ಪದೇ ಸೋತವರೆಂಬ ಕಾರಣದಿಂದ ಆಯ್ದವರಲ್ಲವೆಂಬುದೂ ನಿಜವೇ. ಆದಾಗ್ಯೂ ತೆಳುವಾದ ಲಾಭವು ನಷ್ಟದ ಕಡೆಗೆ ವಾಲಿದಂತೆ ಕಂಡಿತೇಕೆಂಬುದಕ್ಕೆ ಆ ಆಕ್ಷೇಪದಲ್ಲಿ ಉತ್ತರವಿಲ್ಲ.

ಹಾಗಾದರೆ ಒಳಪದರಕ್ಕೆ ಪಾತ್ರವೇ ಇಲ್ಲವೆ? ಇದೆ, ಆದರೆ ಅದು ಬೇರೆಡೆಯಲ್ಲಿರಬಹುದು. ಸಹಜ ಗರ್ಭಗಳನ್ನು ಕುರಿತು ವಿಲ್ಕಾಕ್ಸ್ ಮತ್ತಿತರರು 1999ರಲ್ಲಿ ತೋರಿಸಿದಂತೆ, ಅಂಡೋತ್ಸರ್ಗದ ಒಂಬತ್ತನೆಯ ದಿನದೊಳಗೆ ನೆಲೆಗೊಂಡ ಭ್ರೂಣಗಳಲ್ಲಿ ಶೇಕಡಾ 13, ಹತ್ತನೆಯ ದಿನದವುಗಳಲ್ಲಿ 26, ಹನ್ನೊಂದನೆಯ ದಿನದವುಗಳಲ್ಲಿ 52, ಆಮೇಲಿನವುಗಳಲ್ಲಿ 82ರಷ್ಟು ಬೇಗನೆ ನಷ್ಟವಾದವು. ತಡವಾಗಿ ಬಂದ ಭ್ರೂಣವೂ ನೆಲೆಗೊಳ್ಳುತ್ತದೆ, ಆದರೆ ಉಳಿಯದು. ಎಂದರೆ ನಿರ್ಣಯವು ಬಹುಮಟ್ಟಿಗೆ ಸ್ಪರ್ಶದ ಅನಂತರ ನಡೆಯುತ್ತದೆ. ದುರ್ಬಲ ಭ್ರೂಣವೇ ನಿಧಾನವಾಗಿ ಬಂದಿತೋ, ಕಾಲ ಮೀರಿದ ಒಳಪದರವೇ ಅದನ್ನು ಕೈಬಿಟ್ಟಿತೋ ಎಂಬುದು ಈ ಅಂಕಿಗಳಿಂದ ತಿಳಿಯದು. ಇದಕ್ಕೆ ಪೂರಕವಾಗಿ ಟೆಕ್ಲೆನ್‌ಬರ್ಗ್ ಮತ್ತಿತರರು 2010ರಲ್ಲಿ, ಗರ್ಭಧಾರಣೆಗೆ ಸಜ್ಜಾದ ಒಳಪದರದ ಕೋಶಗಳು ಬೆಳವಣಿಗೆ ನಿಂತ ಭ್ರೂಣದ ಸನ್ನಿಧಿಯಲ್ಲಿ ತಮ್ಮ ಸ್ರಾವಗಳನ್ನು ಕುಗ್ಗಿಸುತ್ತವೆಂದು ಪ್ರಯೋಗಶಾಲೆಯಲ್ಲಿ ಕಂಡರು. ಸ್ವೀಕಾರದಷ್ಟೇ ತಿರಸ್ಕಾರವೂ ಆ ಪದರದ ಕಾರ್ಯವಾಗಿರಬಹುದೆಂಬ ಈ ಊಹೆಯು ನನಗೆ ಹೆಚ್ಚು ಸಂಗತವಾಗಿ ತೋರುತ್ತದೆ. ಗಾಜಿನ ತಟ್ಟೆಯಲ್ಲಿ ಕಂಡದ್ದು ಗರ್ಭದಲ್ಲಿಯೂ ಅಂತೆಯೇ ನಡೆಯುತ್ತದೆಂದು ಪ್ರತಿಜ್ಞೆ ಮಾಡುವ ಧೈರ್ಯವಾದರೋ ಇಲ್ಲ. ಒಳಪದರವನ್ನು ಮೊದಲೇ ಗೀರಿ ಹದಗೊಳಿಸುವ ಉಪಾಯವೂ 2003ರಲ್ಲಿ ಹೀಗೆಯೇ ಭರವಸೆ ಹುಟ್ಟಿಸಿ, 2019ರಲ್ಲಿ 1,364 ಸ್ತ್ರೀಯರ ಪ್ರಯೋಗದಲ್ಲಿ ಗೀರಿದವರಿಗೂ ಗೀರದವರಿಗೂ ಸರಿಸಮನಾಗಿ ಶೇಕಡಾ 26.1ರ ಫಲವನ್ನೇ ಕೊಟ್ಟಿತಷ್ಟೆ.

ಉಳಿದಿರುವ ಪ್ರಶ್ನೆಗಳು ಎರಡು. ವರ್ಣತಂತುಗಳು ಸರಿಯಿದ್ದ ಮೂರು ಭ್ರೂಣಗಳನ್ನು ಕಳೆದುಕೊಂಡ ಸ್ತ್ರೀಯರನ್ನು ಮಾತ್ರ ಆಯ್ದು ಹೊತ್ತನ್ನು ತಿದ್ದುವ ಯಾದೃಚ್ಛಿಕ ಪ್ರಯೋಗವನ್ನು ನಡೆಸಿದರೆ ಫಲವೇನಾದೀತು ಎಂಬುದು ಒಂದು. ಒಬ್ಬಳೇ ಸ್ತ್ರೀಯಲ್ಲಿ ಹಲವು ಚಕ್ರಗಳಲ್ಲಿ ಅದೇ ಪರೀಕ್ಷೆಯನ್ನು, ಹಿಂದಿನ ಉತ್ತರವನ್ನರಿಯದವರಿಂದ, ಮಾಡಿಸಿದರೆ ಅದೇ ಉತ್ತರ ಬಂದೀತೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಸಂಖ್ಯೆಯ ಸ್ತ್ರೀಯರು ಯಾವುದೇ ಒಂದು ಕೇಂದ್ರದಲ್ಲಿ ದೊರೆಯುವುದು ಕಷ್ಟ. ಎರಡನೆಯದಕ್ಕೆ ಅಂತಹ ತೊಡಕಿಲ್ಲ. ಸ್ಥಿರತೆಯ ಪ್ರಶ್ನೆಗೆ ನೇರವಾದ ಉತ್ತರವೂ ಅದರಿಂದಲೇ ಬರತಕ್ಕದ್ದು.